ಪಾಪಪ್ಪು ಮೀಮಾಂಸೆ: ಜಾಲಬಂಧವಿಮೋಚನ ಶಾಸ್ತ್ರಕ್ಕೊಂದು ಪ್ರವೇಶಿಕೆ

ಬಲೆಗೆ ಬಿದ್ದ ಮೀನು ಬಲೆಯ ಬಗ್ಗೆ ಬರೆದ ಶಾಸ್ತ್ರಗ್ರಂಥ ಲೋಕದಲ್ಲಿ ಈವರೆಗೆ ಇಲ್ಲ. ಪ್ರಸ್ತುತ ಪ್ರಬಂಧ ಆ ಕೊರತೆಯನ್ನು ನೀಗಿಸುತ್ತದೆ.

ಗ್ರಂಥರಚನೆಯ ನಿಮಿತ್ತವನ್ನು ಮೊದಲು ಹೇಳುವುದು ಸಂಪ್ರದಾಯ. ಕಳೆದ ಆಷಾಢದ ಒಂದು ಮಧ್ಯಾಹ್ನ ಈ ಲೇಖಕನು ನಾಗವರ್ಮನ ಛಂದೋಂಬುಧಿಯನ್ನು, ಅದರಲ್ಲೂ ಕಿಟೆಲ್ ಸಂಪಾದಿಸಿ 1875ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರಕಟಿಸಿದ ಆವೃತ್ತಿಯನ್ನು, ಅಂತರ್ಜಾಲದಲ್ಲಿ ಹುಡುಕುತ್ತಿದ್ದನು. ಸಿಕ್ಕ ಪುಟದಲ್ಲಿ 'ಡೌನ್‌ಲೋಡ್' ಎಂಬ ಗುಂಡಿಗಳು ಐದಿದ್ದವು. ಪಾಠಾಂತರಗಳು ಹಲವಿದ್ದಾಗ ಕ್ಲಿಷ್ಟವಾದುದನ್ನೇ ಮೂಲಪಾಠವೆಂದು ಹಿಡಿಯಬೇಕು ಎಂದು ಗ್ರಂಥಸಂಪಾದನಶಾಸ್ತ್ರ ಹೇಳುತ್ತದೆ. ಮೂವತ್ತು ವರ್ಷ ಅದನ್ನೇ ಪಾಠ ಮಾಡಿದ ಲೇಖಕನು ಎಲ್ಲಕ್ಕಿಂತ ದೊಡ್ಡದಾದ, ಹಸಿರಾದ, ಮಿನುಗುತ್ತಿದ್ದ ಗುಂಡಿಯನ್ನು ಒತ್ತಿದನು. ಅಂಬುಧಿಗೆ ಇಳಿದವನಿಗೆ ಬಲೆ ಎದುರಾಯಿತು.

ಬೇರೊಂದು ಪುಟ ತೆರೆಯಿತು. ಇದೇನೋ ಬೇಡದ್ದು ಎಂದು ಮೂಲೆಯಲ್ಲಿ ಕಂಡ ಗುಣಾಕಾರ ಚಿಹ್ನೆಯನ್ನು ಒತ್ತಿದ್ದೇ ತಡ, ಆ ಪುಟ ಪರದೆಯನ್ನು ಪೂರ್ತಿ ನುಂಗಿತು. ಮೇಲೆ ಸಿಂಹಲಾಂಛನ, ಕೇಂದ್ರ ಸರ್ಕಾರದ ಸಚಿವಾಲಯವೊಂದರ ಹೆಸರು, ಕೆಳಗೆ ಆರೋಪಪಟ್ಟಿ: ನೀವು ಅಶ್ಲೀಲ ಚಿತ್ರಗಳನ್ನು ನೋಡಿದ್ದರಿಂದ ನಿಮ್ಮ ಕಂಪ್ಯೂಟರಿಗೆ ಬೀಗ ಹಾಕಲಾಗಿದೆ, ದಂಡ ಮೂವತ್ತು ಸಾವಿರದ ಆಸುಪಾಸು, ಕೆಲವೇ ಗಂಟೆಗಳಲ್ಲಿ ಕಾರ್ಡಿನ ಮೂಲಕ ಕಟ್ಟದಿದ್ದರೆ ಕೇಸು ಪೊಲೀಸರಿಗೆ. (ಇಲ್ಲಿಂದ ಮುಂದೆ ಲೇಖಕನು ಪ್ರಥಮ ಪುರುಷವನ್ನು ಬಿಟ್ಟು ಉತ್ತಮ ಪುರುಷಕ್ಕೆ ಬರುತ್ತಾನೆ. ಬೆವರು ಕಿತ್ತುಕೊಂಡಾಗ ವ್ಯಾಕರಣ ನಿಲ್ಲುವುದಿಲ್ಲ.) ನಾನು ನೋಡುತ್ತಿದ್ದುದು ಕಂದಪದ್ಯದ ಲಕ್ಷಣ. ಅದರ ಗಣವಿಭಾಗದಲ್ಲಿ ಅಶ್ಲೀಲವಾದದ್ದು ಏನಿದೆ ಎಂದು ಯೋಚಿಸುವಷ್ಟರಲ್ಲಿ ಸೈರನ್ ಶುರುವಾಯಿತು. ಅಭ್ಯಾಸಬಲದಿಂದ ಪ್ರಸ್ತಾರ ಹಾಕಿದೆ: ಗುರು ಲಘು, ಗುರು ಲಘು, ಗುರು ಲಘು, ಎಲ್ಲೂ ಯತಿಯಿಲ್ಲ. ಯತಿವಿಲಂಘನ ಕನ್ನಡ ಕಾವ್ಯಕ್ಕೆ ಭೂಷಣವಿರಬಹುದು, ಸೈರನ್ನಿಗಲ್ಲ.

ಒಳಗಿನಿಂದ ನನ್ನ ಹೆಂಡತಿ ಕೇಳಿದಳು, "ಏನ್ರೀ ಅದು ಬಡ್ಕೊಳ್ತಿರೋದು?"

"ಪೊಲೀಸ್ ಕೇಸಂತೆ. ಕಾರ್ಡಲ್ಲಿ ದುಡ್ಡು ಕಟ್ಟಬೇಕಂತೆ."

"ಪೊಲೀಸ್ನೋರು ಯಾವಾಗಿಂದ ರೀ ಕಾರ್ಡಲ್ಲಿ ಇಸ್ಕೊಳ್ಳೋಕೆ ಶುರು ಮಾಡಿದ್ದು?"

ಈ ಒಂದು ವಾಕ್ಯದಲ್ಲಿ ಪ್ರಸ್ತುತ ಶಾಸ್ತ್ರವೆಲ್ಲ ಅಡಗಿದೆ. ಆದರೆ ಒಂದು ವಾಕ್ಯದಲ್ಲಿ ಮುಗಿಯುವುದನ್ನು ಯಾವ ವಿಶ್ವವಿದ್ಯಾಲಯವೂ ಶಾಸ್ತ್ರವೆಂದು ಒಪ್ಪುವುದಿಲ್ಲವಾದ್ದರಿಂದ ಮುಂದುವರಿಯುತ್ತೇನೆ.

ವ್ಯುತ್ಪತ್ತಿವಿಚಾರ

'ಪಾಪ್‌ಅಪ್' ಎಂಬುದು ಇಂಗ್ಲಿಷ್ ಶಬ್ದವೆಂದು ಸಾಮಾನ್ಯರ ತಿಳಿವಳಿಕೆ. ಇದು ಸಾಧುವಲ್ಲ. ಪಾಪ ಮತ್ತು ಅಪ್ಪು ಸೇರಿ, ಲೋಪಸಂಧಿಯಾಗಿ, 'ಪಾಪಪ್ಪು' ಎಂದಾಗಿದೆ. ಕರೆಯದೆ ಬಂದು ಅಪ್ಪಿಕೊಳ್ಳುವ ಪಾಪ ಎಂದರ್ಥ. ಸಂಸ್ಕೃತದ ಪಾಪಕ್ಕೆ ಕನ್ನಡದ ಅಪ್ಪನ್ನು ಸೇರಿಸಿದರೆ ಅರಿಸಮಾಸವಾಗುತ್ತದೆ, ಕೇಶಿರಾಜ ಒಪ್ಪುವುದಿಲ್ಲ ಎಂದು ಪಂಡಿತರೊಬ್ಬರು ಆಕ್ಷೇಪಿಸಿದರು. ಅರಿ ಎಂದರೆ ಶತ್ರು. ಶತ್ರುವಿನ ಹೆಸರು ಅರಿಸಮಾಸವಾಗದೆ ಮಿತ್ರಸಮಾಸವಾಗಬೇಕಿತ್ತೆ?

'ಪಾಪಪ್ಪ' ಎಂಬ ಪಾಠಾಂತರವೂ ಉಂಟು. ಪಾಪಕ್ಕೆ ಅಪ್ಪನಾದವನು ಎಂದು ವಿಗ್ರಹವಾಕ್ಯ. ಇದಕ್ಕೆ ಚಾರಿತ್ರಿಕ ಆಧಾರವಿದೆ. 1990ರ ದಶಕದಲ್ಲಿ ಅಮೆರಿಕದ ಟ್ರೈಪಾಡ್ ಕಂಪನಿಯಲ್ಲಿದ್ದ ಈಥನ್ ಜುಕರ್‌ಮನ್ ಎಂಬುವರು, ಕಾರು ಕಂಪನಿಯೊಂದರ ಜಾಹೀರಾತು ಅಸಭ್ಯ ಪುಟವೊಂದರಲ್ಲಿ ಕಾಣಿಸಿಕೊಂಡು ಗಲಾಟೆಯಾದಾಗ, ಜಾಹೀರಾತಿಗೆ ಬೇರೆಯೇ ಕಿಟಕಿ ತೆರೆದುಕೊಡುವ ಸಂಕೇತ ಬರೆದರು. ಮೈಲಿಗೆಯಾಗದಿರಲಿ ಎಂದು ಪಂಕ್ತಿ ಬೇರೆ ಮಾಡಿದ ಹಾಗೆ. ಉದ್ದೇಶ ಮಡಿಯದ್ದೇ, ಫಲ ಮಾತ್ರ ಜಗತ್ತಿಗೆಲ್ಲ ಸೂತಕ. 2014ರಲ್ಲಿ ಅವರು ಇದಕ್ಕಾಗಿ ಪತ್ರಿಕೆಯಲ್ಲಿ ಲೇಖನ ಬರೆದು ಕ್ಷಮೆ ಕೇಳಿದರು. ಕ್ಷಮೆ ಕೇಳಿದ ಪಾಪಪ್ಪ ನನಗೆ ತಿಳಿದಂತೆ ಇವರೊಬ್ಬರೇ. ವಿಂಡೋಸ್ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕಿನೊಂದಿಗೆ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಪಾಪಪ್ಪುನಿರೋಧಕವನ್ನು ಪಡೆದದ್ದು 2004ರಲ್ಲಿ. ಪಾಪ ಬಾಗಿಲಿನಿಂದ ಬರಲಾಗದೆ ಬೇರೆ ದಾರಿ ಹುಡುಕಿತು. ಅದೇ ಮುಂದಿನ ವಿಚಾರ.

ಬಂಧಭೇದ

ಬಂಧಗಳಲ್ಲಿ ಆದಿಯದು ಪ್ರಶ್ನಬಂಧ. ನೆಟ್‌ಸ್ಕೇಪಿನ ಬ್ರೆಂಡನ್ ಐಕ್ 1995ರಲ್ಲಿ ಹತ್ತು ದಿನಗಳಲ್ಲಿ ಕಟ್ಟಿದ ಭಾಷೆ ಜಾವಾಸ್ಕ್ರಿಪ್ಟ್. ಅದರಲ್ಲಿ 'ಅಲರ್ಟ್' ಎಂಬ ಆಜ್ಞೆಯಿದೆ. ಅದು ಒಂದು ಪೆಟ್ಟಿಗೆ ತೋರಿಸಿ, ನೀವು 'ಓಕೆ' ಒತ್ತುವ ತನಕ ಪುಟವನ್ನು ತಡೆದು ನಿಲ್ಲಿಸುತ್ತದೆ. ಈ ಆಜ್ಞೆಯನ್ನು ಮುಗಿಯದ ಆವರ್ತನೆಯೊಳಗೆ ಇಟ್ಟರೆ ಬಂಧ ಸಿದ್ಧ. ಮದುವೆಮನೆಯಲ್ಲಿ ಹೋಳಿಗೆ ಬಡಿಸುವವನ ರೀತಿ: ಸಾಕು ಎಂದಷ್ಟೂ ಎಲೆಗೆ ಬೀಳುತ್ತದೆ. ಹಳೆಯ ಬ್ರೌಸರುಗಳಲ್ಲಿ ಒಂದು ಪುಟದ ಪೆಟ್ಟಿಗೆ ಬ್ರೌಸರಿನ ಕೈಕಾಲನ್ನೆಲ್ಲ ಕಟ್ಟುತ್ತಿತ್ತು. ಪಂಕ್ತಿಯಲ್ಲಿ ಒಬ್ಬನು ಏಳದಿದ್ದರೆ ಯಾರೂ ಏಳುವಂತಿಲ್ಲ. ಆಮೇಲೆ 'ಈ ಪುಟ ಇನ್ನು ಪೆಟ್ಟಿಗೆ ತೆರೆಯುವುದು ಬೇಡ' ಎಂಬ ಗುರುತುಮನೆ ಬಂತು. ಈಗಿನ ಬ್ರೌಸರುಗಳಲ್ಲಿ ಆ ಟ್ಯಾಬನ್ನು ಮುಚ್ಚಿದರೆ ಸಾಕು.

ಈ ಬಂಧಕ್ಕೆ ನ್ಯಾಯಶಾಸ್ತ್ರದ ಇತಿಹಾಸದಲ್ಲೂ ಸ್ಥಾನವಿದೆ. 2019ರ ಮಾರ್ಚಿನಲ್ಲಿ ಜಪಾನಿನ ಹ್ಯೋಗೊ ಪ್ರಾಂತ್ಯದ ಪೊಲೀಸರು, ಇಂಥ ಪುಟದ ಕೊಂಡಿಯನ್ನು ಹಂಚಿದಳೆಂದು 13 ವರ್ಷದ ಹುಡುಗಿಯೊಬ್ಬಳನ್ನು ವಿಚಾರಣೆಗೆ ಒಳಪಡಿಸಿದರು. ಎಷ್ಟು ಸಲ ಮುಚ್ಚಿದರೂ ವ್ಯರ್ಥ ಎಂದು ಛೇಡಿಸುವ ಒಂದು ಪೆಟ್ಟಿಗೆ, ಅಷ್ಟೇ. ಹಣ ಕೇಳಲಿಲ್ಲ, ಕಡತ ಮುಟ್ಟಲಿಲ್ಲ. ರೊಚ್ಚಿಗೆದ್ದ ಅಲ್ಲಿನ ಪ್ರೋಗ್ರಾಮರುಗಳು ನಮ್ಮನ್ನೂ ಹಿಡಿಯಿರಿ ಎಂದು ಅಂಥದೇ ಸಂಕೇತವನ್ನು ಗಿಟ್‌ಹಬ್ಬಿನಲ್ಲಿ ರಾಜಾರೋಷವಾಗಿ ಇಟ್ಟರು. ಅಲ್ಲಿ ನಿಜವಾದ ಪೊಲೀಸರು ಆಟದ ಬಲೆಯ ಬೆನ್ನು ಹತ್ತಿದರು. ನನ್ನ ಪಡಸಾಲೆಯಲ್ಲಿ ನಿಜವಾದ ಬಲೆಯೇ ಪೊಲೀಸ್ ವೇಷದಲ್ಲಿತ್ತು. ಈ ವಿಪರ್ಯಾಸಾಲಂಕಾರಕ್ಕೆ ಹೆಸರಿಡಲು ಆಲಂಕಾರಿಕರು ಮುಂದೆ ಬರಬೇಕು.

ಎರಡನೆಯದು ವಿಶ್ವರೂಪಬಂಧ, ನನಗೆ ತಗುಲಿಕೊಂಡದ್ದು. ಅರ್ಜುನ ಬೇಡಿಕೊಂಡ ಮೇಲೆಯೇ ಕೃಷ್ಣ ವಿಶ್ವರೂಪ ತೋರಿಸಿದ್ದು. ಬ್ರೌಸರಿನ ನಿಯಮವೂ ಹಾಗೆಯೇ: ಪುಟದ ಮೇಲೆ ನಾವು ಒಮ್ಮೆಯಾದರೂ ಒತ್ತದೆ ಪೂರ್ಣಪರದೆಯನ್ನು ಅದಕ್ಕೆ ಕೊಡುವುದಿಲ್ಲ. ನಾನು ಮುಚ್ಚಲೆಂದು ಒತ್ತಿದ ಗುಣಾಕಾರವೇ ನನ್ನ ಬೇಡಿಕೆಯಾಗಿತ್ತು. ಪರದೆ ಪೂರ್ತಿ ಸಿಕ್ಕ ಮೇಲೆ ಕಳ್ಳನು ಅದರ ನೆತ್ತಿಯಲ್ಲಿ ಬ್ರೌಸರಿನ ಚಿತ್ರವನ್ನೇ ಬಿಡಿಸುತ್ತಾನೆ: ಟ್ಯಾಬು, ಬಾಣ, ಬೀಗದ ಗುರುತು, ಸರ್ಕಾರದ ಅಸಲಿ ವಿಳಾಸ. ಎಲ್ಲವೂ ಚಿತ್ರ. ನಾನು ಆ ವಿಳಾಸವನ್ನು ಎರಡು ಸಲ ಅಕ್ಷರಶಃ ಓದಿ, ಪಾಠಶುದ್ಧಿಯಿದೆ ಎಂದು ತಲೆದೂಗಿದೆ. ಗೋಡೆಗೆ ಬರೆದ ಬಾಗಿಲಿನ ಚಿಲಕವನ್ನು ಹಿಡಿದೆಳೆದವನ ಬುದ್ಧಿವಂತಿಕೆ ಅದು.

ಮಾಯಾಮೂಷಿಕಬಂಧದಲ್ಲಿ ಮೌಸಿನ ಬಾಣ ಕಾಣುವುದೊಂದು ಕಡೆ, ತಗುಲುವುದು ಇನ್ನೊಂದು ಕಡೆ. ಬಾಣದ ಚಿತ್ರವನ್ನು ಬದಲಿಸುವ ಸ್ವಾತಂತ್ರ್ಯ ಪುಟಗಳಿಗಿದೆ. ಹಳೆಯ ಬ್ರೌಸರುಗಳಲ್ಲಿ 128 ಪಿಕ್ಸೆಲ್ ಚೌಕದ, ಬಹುಪಾಲು ಪಾರದರ್ಶಕವಾದ ಚಿತ್ರ ಕೊಟ್ಟರೆ ನೀವು ಮುಚ್ಚುವ ಗುಂಡಿಗೆ ಗುರಿಯಿಟ್ಟು ಪಕ್ಕದ ಗೋಡೆಗೆ ಹೊಡೆಯುತ್ತಿದ್ದಿರಿ. 2018ರಲ್ಲಿ ಭದ್ರತಾ ಸಂಶೋಧಕರು ಇದನ್ನು ಬಯಲಿಗೆಳೆದರು. ಇನ್ನು ಜಾತಕಬಂಧ: 'ಹಿಂದೆ' ಎಂಬ ಬಾಣ ಒತ್ತಿದರೆ ಅದೇ ಪುಟ, ಮತ್ತೆ ಒತ್ತಿದರೂ ಅದೇ ಪುಟ. ಆ ಪುಟ ಬ್ರೌಸರಿನ ಚರಿತ್ರೆಯಲ್ಲಿ ತನ್ನನ್ನೇ ಹತ್ತಾರು ಸಲ ತುರುಕಿ, ನಿನ್ನ ಹಿಂದಿನ ಜನ್ಮಗಳೆಲ್ಲ ಇಲ್ಲೇ ಕಳೆದವು ಎಂದು ಸುಳ್ಳು ಜಾತಕ ಬರೆದಿರುತ್ತದೆ. ಹಿಂದಿನ ಬಾಣವನ್ನು ಒತ್ತಿ ಹಿಡಿದರೆ ಜಾತಕದ ಪಟ್ಟಿ ಬಿಚ್ಚಿಕೊಳ್ಳುತ್ತದೆ. ಬೇಕಾದ ಜನ್ಮಕ್ಕೆ ನೇರವಾಗಿ ಹಾರಬಹುದು. ಉಳಿದ ಬಂಧಗಳು (ಕಡತಗಳ ಸುರಿಮಳೆ, ಮುದ್ರಿಸಲೇ ಎಂಬ ನಿರಂತರ ಪೀಡನೆ, ಮೊಬೈಲಿನ ಭೂಕಂಪ) ಇವುಗಳ ಸಂಕರ ಸಂತಾನ, ಇಲ್ಲಿ ವಿಸ್ತರಿಸುವುದಿಲ್ಲ.

ಪೂರ್ವಪಕ್ಷ

ವಿಮೋಚನೆಯ ವಿಷಯದಲ್ಲಿ ಎರಡು ಮತಗಳಿವೆ, ಎರಡನ್ನೂ ನಾನು ಆಚರಿಸಿ ನೋಡಿದ್ದೇನೆ.

ಮೊದಲನೆಯದು ವಿನಯವಾದ. ಕೇಳಿದ್ದಕ್ಕೆ ಉತ್ತರ ಕೊಡುವುದು, 'ಓಕೆ' ಎನ್ನುವುದು, 'ರದ್ದು' ಎನ್ನುವುದು, ಪರದೆಯಲ್ಲಿ ಕೊಟ್ಟ ಸಂಖ್ಯೆಗೆ ಫೋನ್ ಮಾಡುವುದು. ಮೇಷ್ಟರುಗಳಿಗೆ ಈ ಮತ ಪ್ರಿಯ, ಪ್ರಶ್ನೆ ಕಂಡರೆ ಉತ್ತರಿಸದೆ ಇರಲಾರರು. ನಾನು ಹದಿನಾಲ್ಕು ಸಲ 'ರದ್ದು' ಒತ್ತಿದೆ. ಅಲ್ಲಿ 'ರದ್ದು' ಎಂದರೂ 'ಸರಿ' ಎಂದರೂ ಧಾತು ಒಂದೇ, ಎಂದು ಹದಿನೈದನೆಯ ಸಲಕ್ಕೆ ಹೊಳೆಯಿತು. ಫೋನ್ ಮಾಡಿದರೆ ಎತ್ತುವವರು ಯಾರೆಂದು ತಿಳಿಯಬೇಕಾದವರು 2023ರ ಅಕ್ಟೋಬರಿನಲ್ಲಿ ಸಿಬಿಐ ನಡೆಸಿದ 'ಆಪರೇಷನ್ ಚಕ್ರ-2'ನ್ನು ನೆನೆಯಬಹುದು. ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ಕೊಟ್ಟ ದೂರುಗಳೂ ಅದರ ಹಿಂದಿದ್ದವು: ಆ ಕಂಪನಿಗಳ ರಿಪೇರಿಯವರೆಂದು ಹೇಳಿಕೊಂಡು ವಿದೇಶೀಯರನ್ನು ಸುಲಿಯುತ್ತಿದ್ದ ಕಾಲ್ ಸೆಂಟರುಗಳು ನಮ್ಮ ದೇಶದಲ್ಲೇ ಇದ್ದವು. ಪರದೆಯ ಮೇಲೆ ಎಚ್ಚರಿಕೆ ಹಾರಿಸುವುದು, ಸಂಖ್ಯೆ ಕೊಡುವುದು, ಕರೆಗೆ ಕಾಯುವುದು. ಜೇಡ ಎಲ್ಲೂ ಹೋಗುವುದಿಲ್ಲ.

ಎರಡನೆಯದು ನಿರ್ವಾಣವಾದ. ಇದರ ಆಚಾರ್ಯರು ನಮ್ಮ ಪಕ್ಕದ ಮನೆಯ ನಿವೃತ್ತ ಲೈನ್‌ಮ್ಯಾನ್. ಸೈರನ್ ಕೇಳಿ ಬಂದರು. "ಮೇಷ್ಟ್ರೇ, ಮೈನೇ ಆಫ್ ಮಾಡಿದ್ರೆ ಯಾವ ವೈರಸ್ಸು ಉಳಿಯುತ್ತೆ ಹೇಳಿ" ಎಂದು ಜಗಲಿಯ ಮೈನ್ ಸ್ವಿಚ್ಚನ್ನು ಇಳಿಸಿದರು. ಫ್ಯಾನು ನಿಂತಿತು, ಫ್ರಿಜ್ಜು ನಿಂತಿತು, ಒಳಗೆ ಮಿಕ್ಸಿಯಲ್ಲಿದ್ದ ಚಟ್ನಿ ಅರ್ಧಕ್ಕೆ ನಿಂತಿತು. ಲ್ಯಾಪ್‌ಟಾಪಿಗೆ ಬ್ಯಾಟರಿ ಇತ್ತು. ಕತ್ತಲಾದ ಮನೆಯಲ್ಲಿ ಸಿಂಹಲಾಂಛನ ಇನ್ನಷ್ಟು ಪ್ರಕಾಶಮಾನವಾಯಿತು. ಕೊನೆಗೆ ಲ್ಯಾಪ್‌ಟಾಪಿನದೇ ಪವರ್ ಗುಂಡಿಯನ್ನು ಒತ್ತಿ ಹಿಡಿದು ಕೊಂದೆವು. ಮತ್ತೆ ಚಾಲೂ ಮಾಡಿ ಬ್ರೌಸರ್ ತೆರೆದಾಗ, ಹಿಂದೆ ತೆರೆದಿದ್ದ ಪುಟಗಳನ್ನು ಮರಳಿ ತೆರೆಯಲೇ ಎಂದು ಅದು ಪ್ರೀತಿಯಿಂದ ಕೇಳಿತು. ವಿನಯವಾದದ ಸಂಸ್ಕಾರ ಅಳಿಯದ ನಾನು ಹೂಂ ಎಂದೆ. ಕರ್ಮಶೇಷವಿದ್ದವನಿಗೆ ಮರಣದಿಂದ ಮೋಕ್ಷವಿಲ್ಲ ಎಂಬುದಕ್ಕೆ ಇದಕ್ಕಿಂತ ಪ್ರತ್ಯಕ್ಷ ಪ್ರಮಾಣ ದರ್ಶನಗ್ರಂಥಗಳಲ್ಲೂ ಇಲ್ಲ.

ಸಿದ್ಧಾಂತ

ಸೂತ್ರ: ಪುಟದೊಳಗಿನ ಯಾವ ಗುಂಡಿಯೂ ಬಾಗಿಲಲ್ಲ.

ಭಾಷ್ಯ: ಪುಟ ಬಾಡಿಗೆದಾರ, ಬ್ರೌಸರು ಮನೆಯೊಡೆಯ, ವಿಂಡೋಸ್ ಮುಂತಾದವು ಊರ ಆಡಳಿತ. ಬಾಡಿಗೆದಾರ ಒಳಗೆ ಎಷ್ಟೇ ಬೊಬ್ಬೆ ಹಾಕಲಿ, ಕದದ ಬೀಗದಕೈ ಅವನಲ್ಲಿಲ್ಲ. ನೀವು ಒತ್ತುವ ಕೀಲಿಗಳಲ್ಲಿ ಬ್ರೌಸರು ಕೊಟ್ಟಷ್ಟೇ ಪುಟಕ್ಕೆ ತಿಳಿಯುವುದು. ಊರು ಬಿಟ್ಟುಕೊಟ್ಟಷ್ಟೇ ಬ್ರೌಸರಿಗೆ ತಲುಪುವುದು. ಕಂಟ್ರೋಲ್, ಆಲ್ಟ್, ಡಿಲೀಟ್ ಎಂಬ ಮೂರು ಬೆರಳಿನ ನ್ಯಾಸವನ್ನು ಐಬಿಎಂನ ಡೇವಿಡ್ ಬ್ರಾಡ್ಲಿ 1981ರ ಪಿಸಿಗೆಂದು ರೂಪಿಸಿದರು. ಅದನ್ನು ವಿಂಡೋಸ್ ಯಾರಿಗೂ ಬಿಟ್ಟುಕೊಡದೆ ತಾನೇ ಇಟ್ಟುಕೊಂಡಿದೆ. ಯಾವ ಪುಟಕ್ಕೂ ಅದು ಕೇಳಿಸುವುದಿಲ್ಲ. ಅಲ್ಲಿಂದ ಟಾಸ್ಕ್ ಮ್ಯಾನೇಜರ್ ತೆರೆದು ಬ್ರೌಸರನ್ನು ಮುಗಿಸಬಹುದು. ಅಭಿಮನ್ಯುವಿನ ದೃಷ್ಟಾಂತವನ್ನು ಇಲ್ಲಿ ತರಬಾರದು: ಅವನಿಗೆ ಒಳಗೆ ಹೋಗುವುದಾದರೂ ಗೊತ್ತಿತ್ತು, ಮೇಲಾಗಿ ಅವನ ವ್ಯೂಹದಲ್ಲಿದ್ದ ಕತ್ತಿಗಳು ಚಿತ್ರಗಳಲ್ಲ.

ವಿಶ್ವರೂಪಕ್ಕೆ ಎಸ್ಕೇಪ್ ಕೀಲಿಯೇ ಸಾಕು. ಸುಮ್ಮನೆ ತಟ್ಟಿದರೆ ಕೆಲವು ಪುಟಗಳು ಜಾರಿಕೊಳ್ಳುತ್ತವೆ. ಒಂದೆರಡು ಕ್ಷಣ ಒತ್ತಿ ಹಿಡಿಯಬೇಕು. ಆ ಮೇಲೆ ಕಂಟ್ರೋಲಿನೊಂದಿಗೆ ಡಬ್ಲ್ಯೂ ಒತ್ತಿದರೆ ಟ್ಯಾಬು, ಆಲ್ಟಿನೊಂದಿಗೆ ಎಫ್ 4 ಒತ್ತಿದರೆ ಕಿಟಕಿ ಮುಚ್ಚುತ್ತದೆ. ಮರಳಿ ತೆರೆಯಲೇ ಎಂದು ಕೇಳಿದರೆ ಬೇಡ ಎನ್ನಬೇಕು. ಕೇಳದೆಯೇ ತೆರೆಯುವ ಬ್ರೌಸರಾದರೆ ಮೊದಲು ವೈಫೈ ಆರಿಸಿ, ಪುಟ ತುಂಬುವ ಮುನ್ನವೇ ಟ್ಯಾಬನ್ನು ಮುಚ್ಚಬೇಕು. ಐಫೋನಿನ ಸಫಾರಿಯಲ್ಲಿ ಪೆಟ್ಟಿಗೆಗಳ ಸುರುಳಿ ಹಬ್ಬಿಸಿ ಐಟ್ಯೂನ್ಸ್ ಗಿಫ್ಟ್ ಕಾರ್ಡಿನಲ್ಲಿ ಕಪ್ಪ ಕೇಳುತ್ತಿದ್ದವರನ್ನು 2017ರ ಮಾರ್ಚಿನಲ್ಲಿ ಐಒಎಸ್ 10.3 ಒಂದೇ ತಿದ್ದುಪಡಿಯಿಂದ ಹೊರಗಟ್ಟಿತು: ಪೆಟ್ಟಿಗೆ ಕಟ್ಟಿಹಾಕುವುದು ಆ ಟ್ಯಾಬನ್ನು ಮಾತ್ರ, ಬ್ರೌಸರನ್ನಲ್ಲ. ಅಷ್ಟಕ್ಕೆ ಬಲೆ ಹರಿದುಹೋಯಿತು.

ನಾನು ಎಸ್ಕೇಪನ್ನು ಒತ್ತಿ ಹಿಡಿದೆ. ಸಚಿವಾಲಯ ಕುಗ್ಗಿತು. ಅದರ ನೆತ್ತಿಯ ಮೇಲೆ ಅಸಲಿ ವಿಳಾಸಪಟ್ಟಿ ಕಾಣಿಸಿತು: ಯಾವ ಪ್ರಾಕೃತದಲ್ಲೂ ಅರ್ಥವಾಗದ ಅಕ್ಷರಗಳ ಸಾಲು. ಕಂಟ್ರೋಲ್, ಡಬ್ಲ್ಯೂ. ಸೈರನ್ ಲಘುವಿನ ಮೇಲೆ ನಿಂತಿತು. ಯತಿ ಬಂತು.

ಪ್ರಾಯಶ್ಚಿತ್ತ

'ರೋಬಾಟ್ ಅಲ್ಲವೆಂದು ತೋರಿಸಲು ಅನುಮತಿಸಿ' ಎಂಬುದಕ್ಕೆ ಹೂಂ ಎಂದವರಿಗೆ ಬಲೆಯಿಂದ ಹೊರಬಂದ ಮೇಲೂ ಪರದೆಯ ಮೂಲೆಯಲ್ಲಿ ಸುಳ್ಳು ಎಚ್ಚರಿಕೆಗಳು ಬೀಳುತ್ತಿರುತ್ತವೆ; ಬ್ರೌಸರಿನ ಸೆಟ್ಟಿಂಗಿನಲ್ಲಿ ನೋಟಿಫಿಕೇಷನ್ ಅನುಮತಿಯನ್ನು ಕಿತ್ತುಹಾಕಬೇಕು. ಕಾರ್ಡಿನ ಸಂಖ್ಯೆ ಕೊಟ್ಟುಬಿಟ್ಟವರು ಕೂಡಲೇ ಬ್ಯಾಂಕಿಗೂ 1930ಕ್ಕೂ ಫೋನ್ ಮಾಡಬೇಕು. ಕಂಪ್ಯೂಟರ್ ಬಳಸಿ ಬೇರೆಯವರ ವೇಷದಲ್ಲಿ ವಂಚಿಸಿದವನಿಗೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಈ ದಂಡವನ್ನು ಕಾರ್ಡಿನಲ್ಲಿ ಕಟ್ಟಬಹುದೇ ಎಂದು ನನ್ನ ಹೆಂಡತಿ ಕೇಳುತ್ತಿದ್ದಾಳೆ.

ಛಂದೋಂಬುಧಿಯ ಆ ಆವೃತ್ತಿ ನನಗೆ ಇನ್ನೂ ಸಿಕ್ಕಿಲ್ಲ. ಓದುಗರಲ್ಲಿ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಅಂಚೆಯಲ್ಲಿ ಕಳಿಸಿ, ನೋಡಿ ಹಿಂದಿರುಗಿಸುತ್ತೇನೆ. ಲಿಂಕ್ ಕಳಿಸಬೇಡಿ.