ಹಿಟ್ಟಿಲ್ಲದ ದಿನ: ಬೇಸ್‌ಬಾಲ್ ಚರಿತ್ರೆಯಲ್ಲಿ ಮೇ 1ರ ಸ್ಥಾನನಿರ್ಣಯ

ಅಮೆರಿಕದ ಬೇಸ್‌ಬಾಲ್ ಚರಿತ್ರೆಯ ಮೇಲೆ ಬಂದಿರುವ ಗ್ರಂಥಗಳನ್ನು ಒಂದರ ಮೇಲೊಂದು ಪೇರಿಸಿದರೆ ಅಟ್ಟ ಹತ್ತಲು ಏಣಿ ಬೇಕಾಗುವುದಿಲ್ಲ. ಯಾವ ಆಟಗಾರ ಯಾವ ಊರಿನಲ್ಲಿ ಯಾವ ಮಧ್ಯಾಹ್ನ ಎಷ್ಟು ಸಲ ಬ್ಯಾಟು ಬೀಸಿದ, ಅದರಲ್ಲಿ ಎಷ್ಟು ಸಲ ಬರೀ ಗಾಳಿಗೆ ಹೊಡೆದ ಎಂಬುದನ್ನೆಲ್ಲ ಆ ದೇಶದವರು ಶಾನುಭೋಗರ ಲೆಕ್ಕದ ಹಾಗೆ ಬರೆದಿಟ್ಟುಕೊಂಡಿದ್ದಾರೆ. ಆದರೆ ಆಟಗಾರರ ಜಾತಕ ಬರೆದವರು ಸಾವಿರಾರು ಮಂದಿ ಇದ್ದರೂ ದಿನದ ಜಾತಕವನ್ನು ಯಾರೂ ಬರೆದಿಲ್ಲ. ಪ್ರಸ್ತುತ ಪ್ರಬಂಧ ಆ ಕೊರತೆಯನ್ನು ನೀಗುವ ಒಂದು ವಿನಮ್ರ ಪ್ರಯತ್ನ. (ವಿನಮ್ರ ಎಂಬ ಪದವನ್ನು ಇಲ್ಲಿ ಸಂಪ್ರದಾಯಕ್ಕೆ ಕಟ್ಟುಬಿದ್ದು ಬಳಸಲಾಗಿದೆ, ಅದನ್ನು ಯಾರೂ ನಂಬಬೇಕಾಗಿಲ್ಲ.) ನಮ್ಮ ಪ್ರತಿಪಾದನೆ ಇಷ್ಟು: ಅಮೆರಿಕ ತನ್ನ ಕ್ಯಾಲೆಂಡರಿನಿಂದ ಹೊರಗಟ್ಟಿದ ಕಾರ್ಮಿಕರ ದಿನ ದೇಶ ಬಿಟ್ಟು ಹೋಗಲಿಲ್ಲ. ಅದು ಬೇಸ್‌ಬಾಲ್ ಮೈದಾನಕ್ಕೆ ನುಗ್ಗಿ, ತಲೆಗೊಂದು ಟೋಪಿ ಹಾಕಿಕೊಂಡು, ಆಟಗಾರರ ನಡುವೆ ವೇಷ ಮರೆಸಿಕೊಂಡು ಕೂತಿದೆ. ವರ್ಷಕ್ಕೊಂದು ಸಲ, ಮೇ 1ರಂದು, ಅದರ ನಿಜರೂಪ ಕಾಣುತ್ತದೆ.

ಮೊದಲು ಹೊರಗಟ್ಟಿದ ಕಥೆ. 1884ರಲ್ಲಿ ಷಿಕಾಗೋದಲ್ಲಿ ಸಭೆ ಸೇರಿದ ಕಾರ್ಮಿಕ ಸಂಘಗಳ ಒಕ್ಕೂಟ, 1886ರ ಮೇ 1ರಿಂದ ದಿನಕ್ಕೆ ಎಂಟು ಗಂಟೆಯಷ್ಟೇ ದುಡಿಮೆ ಎಂದು ಠರಾವು ಮಾಡಿತು. ಆ ದಿನ ಬಂದಾಗ ಲಕ್ಷಗಟ್ಟಲೆ ಜನ ಕೆಲಸ ನಿಲ್ಲಿಸಿ ಬೀದಿಗಿಳಿದರು. ಮೇ 3ರಂದು ಷಿಕಾಗೋದ ಮೆಕಾರ್ಮಿಕ್ ಕಟಾವು ಯಂತ್ರದ ಕಾರ್ಖಾನೆಯ ಎದುರು ಪೊಲೀಸರು ಗುಂಡು ಹಾರಿಸಿದರು. ಮಾರನೆಯ ದಿನ ಹೇಮಾರ್ಕೆಟ್ ಚೌಕದಲ್ಲಿ ಬಾಂಬು ಸಿಡಿಯಿತು. 1889ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಸಮಾಜವಾದಿಗಳು ಮೇ 1ನ್ನು ಲೋಕದ ಕಾರ್ಮಿಕರ ದಿನವೆಂದು ಗೊತ್ತುಮಾಡಿದರು, 1923ರ ಹೊತ್ತಿಗೆ ಅದು ಮದರಾಸಿನ ಕಡಲ ದಂಡೆಯನ್ನೂ ಮುಟ್ಟಿತು. ಹಡೆದ ಮನೆಯಲ್ಲಿ ಮಾತ್ರ ಆ ಕೂಸಿಗೆ ತೊಟ್ಟಿಲಿಲ್ಲ. ಅಮೆರಿಕ 1894ರಲ್ಲಿ ಕಾರ್ಮಿಕರಿಗೆಂದು ಸೆಪ್ಟೆಂಬರಿನ ಮೊದಲ ಸೋಮವಾರವನ್ನು ಕೊಟ್ಟು ಕೈತೊಳೆದುಕೊಂಡಿತು. ಅಷ್ಟಕ್ಕೂ ಸಮಾಧಾನವಾಗದೆ 1958ರಲ್ಲಿ ಮೇ 1ಕ್ಕೆ ಕಾನೂನು ದಿನ, ನಿಷ್ಠಾ ದಿನ ಎಂಬ ಎರಡೆರಡು ಬೋರ್ಡು ತಗುಲಿಸಿತು. ಖಾಲಿ ಸೈಟಿನಲ್ಲಿ ಬೇರೆಯವರು ಬೇಲಿ ಹಾಕದಿರಲಿ ಎಂದು ಮಾಡುವ ಉಪಾಯವೇ ಇದು.

ಈಗ ಮುಖ್ಯ ಶಾಸನಕ್ಕೆ ಬರೋಣ. 1920ರ ಮೇ 1, ಶನಿವಾರ, ಬಾಸ್ಟನ್ನಿನ ಬ್ರೇವ್ಸ್ ಫೀಲ್ಡ್. ಬಂದ ತಂಡ ಬ್ರೂಕ್ಲಿನ್ ರಾಬಿನ್ಸ್. ಮ್ಯಾನೇಜರ್ ವಿಲ್ಬರ್ಟ್ ರಾಬಿನ್ಸನ್ ಹೆಸರನ್ನೇ ತಂಡಕ್ಕೆ ಇಟ್ಟುಬಿಟ್ಟಿದ್ದರು. ಆಳುಗಳಿಗೆ ಯಜಮಾನನ ಹೆಸರಿಡುವ ಪದ್ಧತಿ ನಮ್ಮಲ್ಲಷ್ಟೇ ಇತ್ತೆಂದು ಭಾವಿಸಿದ್ದವರು ಇದನ್ನು ಗಮನಿಸಬೇಕು. ಬೇಸ್‌ಬಾಲ್ ಪಂದ್ಯಕ್ಕೆ 9 ಇನಿಂಗ್ಸ್, ಸಮವಾದರೆ ಇತ್ಯರ್ಥವಾಗುವ ತನಕ ಮುಂದಕ್ಕೆ ಎಳೆಯುತ್ತಾರೆ. ಬ್ರೂಕ್ಲಿನ್ ಐದನೆಯ ಇನಿಂಗ್ಸಿನಲ್ಲಿ ಒಂದು ಓಟ ತೆಗೆಯಿತು, ಬಾಸ್ಟನ್ ಆರನೆಯದರಲ್ಲಿ ಒಂದು ತೆಗೆಯಿತು. ಅಲ್ಲಿಂದಾಚೆ 20 ಇನಿಂಗ್ಸ್ ಎರಡೂ ಕಡೆಯವರಿಗೆ ಏನೂ ದಕ್ಕಲಿಲ್ಲ. ಬ್ರೂಕ್ಲಿನ್ನಿನ ಲಿಯಾನ್ ಕ್ಯಾಡೋರ್, ಬಾಸ್ಟನ್ನಿನ ಜೋ ಓಶ್ಗರ್ ಎಂಬ ಇಬ್ಬರು ಪಿಚರುಗಳೇ ಮೊದಲಿಂದ ಕೊನೆಯ ತನಕ ಚೆಂಡೆಸೆದರು, ಬದಲಿ ಆಳು ಬರಲಿಲ್ಲ. 26 ಇನಿಂಗ್ಸ್ ಮುಗಿದಾಗ ಕತ್ತಲಾಯಿತು, ಅಂಪೈರ್ ಇನ್ನು ಸಾಕು ಎಂದರು. ಆಗ ಮೈದಾನಕ್ಕೆ ದೀಪವಿರಲಿಲ್ಲ, ದೊಡ್ಡ ಲೀಗುಗಳಲ್ಲಿ ದೀಪದ ಬೆಳಕಿನ ಮೊದಲ ಪಂದ್ಯ ನಡೆದದ್ದು 1935ರಲ್ಲಿ. ಇನ್ನೊಂದೇ ಇನಿಂಗ್ಸ್ ಆಡಿಸಿ, ಒಂದೇ ದಿನ ಮೂರು ಪಂದ್ಯದ ಲೆಕ್ಕ ಭರ್ತಿಯಾಗುತ್ತದೆ ಎಂದು ಬ್ರೂಕ್ಲಿನ್ನಿನ ಐವಿ ಓಲ್ಸನ್ ಗೋಗರೆದರೆಂಬ ಕಥೆಯಿದೆ. ಕೆಲಸ ನಿಲ್ಲಿಸಿದ ಅಂಪೈರಿನ ಹೆಸರು ಬ್ಯಾರಿ ಮೆಕಾರ್ಮಿಕ್. ಷಿಕಾಗೋದ ಕಾರ್ಖಾನೆಯ ಹೆಸರನ್ನು ಓದುಗರು ಇನ್ನೂ ಮರೆತಿರಲಾರರು. ಒಬ್ಬ ಮೆಕಾರ್ಮಿಕ್ ದುಡಿಸಿ ಕೆಟ್ಟ, ಇನ್ನೊಬ್ಬ ಮೆಕಾರ್ಮಿಕ್ ಬಿಡುಗಡೆ ಕೊಟ್ಟು ಪ್ರಾಯಶ್ಚಿತ್ತ ಮಾಡಿಕೊಂಡ. ಇವರು ನೆಂಟರೇ ಎಂದು ಕೇಳುವುದು ಅಪ್ರಸ್ತುತ. ಹೆಸರಿನ ಸಾಮ್ಯ ಸಿಕ್ಕಮೇಲೆ ಬೇರೆ ಆಧಾರ ಕೇಳುವುದು ಸಂಶೋಧನೆಯ ರೀತಿಯಲ್ಲ.

ಇಲ್ಲಿ ಒಂದು ಪೂರ್ವಪಕ್ಷ ಏಳುತ್ತದೆ. ಆ 26 ಇನಿಂಗ್ಸಿಗೆ ಹಿಡಿದ ಹೊತ್ತು 3 ಗಂಟೆ 50 ನಿಮಿಷ. ಎಂಟು ಗಂಟೆಯ ಪಾಳಿಯಲ್ಲಿ ಅರ್ಧವೂ ಅಲ್ಲ, ಇದೆಂಥ ಶ್ರಮ? ಆಕ್ಷೇಪ ಮೇಲುನೋಟಕ್ಕೆ ಬಲವಾಗಿ ಕಂಡರೂ ನಮ್ಮ ವಾದಕ್ಕೇ ನೀರೆರೆಯುತ್ತದೆ. ಮೂರು ದಿನದ ಕೆಲಸವನ್ನು ಅರ್ಧ ಪಾಳಿಯಲ್ಲಿ ಮುಗಿಸಬಹುದೆಂದು ಆ ಇಬ್ಬರು ತೋರಿಸಿಕೊಟ್ಟರು. ಎಂಟು ಗಂಟೆಯೇ ಹೆಚ್ಚಾಯಿತು ಎಂಬ ಮುಂದಿನ ಬೇಡಿಕೆಯ ಬೀಜ ಅಲ್ಲಿದೆ. ಪೂರ್ತಿ ಎಂಟು ಗಂಟೆಯ ಸಾಕ್ಷಿಯೇ ಬೇಕೆನ್ನುವವರು 1984ಕ್ಕೆ ಬರಬಹುದು. ದೊಡ್ಡ ಲೀಗುಗಳ ಚರಿತ್ರೆಯಲ್ಲಿ ಗಡಿಯಾರದ ಲೆಕ್ಕಕ್ಕೆ ಅತಿ ದೀರ್ಘವಾದ ಪಂದ್ಯ ಆ ವರ್ಷ ವೈಟ್ ಸಾಕ್ಸ್ ಮತ್ತು ಮಿಲ್ವಾಕೀ ತಂಡಗಳ ನಡುವೆ ನಡೆಯಿತು. ನಡೆದದ್ದು ಬೇರೆಲ್ಲೂ ಅಲ್ಲ, ಷಿಕಾಗೋದಲ್ಲಿ. ತಗುಲಿದ ಹೊತ್ತು 8 ಗಂಟೆ 6 ನಿಮಿಷ. ಎಂಟು ಗಂಟೆ ದುಡಿಮೆ, ಆರು ನಿಮಿಷ ಓವರ್‌ಟೈಮ್! ಆದರೆ ಅದು ಶುರುವಾದದ್ದು ಮೇ 8ರಂದಲ್ಲವೇ, 1ರಂದಲ್ಲವಲ್ಲ ಎನ್ನುವವರಿಗೆ ನಮ್ಮ ಉತ್ತರ: ಎಂಟು ಗಂಟೆಯ ಹಕ್ಕಿಗೆ ಎಂಟನೆಯ ತಾರೀಖಿಗಿಂತ ಒಪ್ಪುವ ಮುಹೂರ್ತ ಯಾವುದಿದೆ?

ಷಿಕಾಗೋದ ಮಾತು ಬಂದದ್ದರಿಂದ 1951ರ ಮೇ 1ನ್ನು ನೋಡಿಬಿಡೋಣ. ಅಂದು ಅಲ್ಲಿನ ಕಮಿಸ್ಕಿ ಪಾರ್ಕಿನಲ್ಲಿ ಇಬ್ಬರು ದುಡಿಮೆಗಾರರ ಮಕ್ಕಳು ಹಾಜರಿ ಹಾಕಿದರು. ಒಬ್ಬರು ಕ್ಯೂಬಾದ ಕಬ್ಬಿನ ಗದ್ದೆಗಳ ನಡುವೆ ಬೆಳೆದ ಮಿನ್ನಿ ಮಿನ್ಯೋಸೊ. ಏಪ್ರಿಲ್ 30ರಂದು ಮೂರು ತಂಡಗಳ ಕೊಡುಕೊಳ್ಳುವಿಕೆಯಲ್ಲಿ ಕ್ಲೀವ್‌ಲ್ಯಾಂಡಿನಿಂದ ವೈಟ್ ಸಾಕ್ಸಿಗೆ ವರ್ಗವಾದರು, ಜಾಯಿನಿಂಗ್ ಟೈಮ್ ಇಲ್ಲ, ಮಾರನೆಯ ದಿನವೇ ಡ್ಯೂಟಿ. ಆ ತಂಡಕ್ಕೆ ಆಡಿದ ಮೊದಲ ಕಪ್ಪು ಆಟಗಾರ ಅವರು, ಮೊದಲ ಸಲ ಬ್ಯಾಟು ಹಿಡಿದಾಗಲೇ ಚೆಂಡನ್ನು ಬೇಲಿಯಾಚೆ ಕಳಿಸಿದರು. ಎದುರು ತಂಡ ಯಾಂಕೀಸ್‌ನಲ್ಲಿ ಸತು, ಸೀಸದ ಗಣಿ ಕಾರ್ಮಿಕನ ಮಗ, 19 ವರ್ಷದ ಮಿಕ್ಕಿ ಮ್ಯಾಂಟಲ್. ವೃತ್ತಿಜೀವನದ ಮೊದಲ ಹೋಮ್ ರನ್ ಹೊಡೆಯಲು ಅವನೂ ಇದೇ ದಿನವನ್ನು ಆರಿಸಿಕೊಂಡ. ಸ್ಥಳನಾಮ ಅಧ್ಯಯನದಲ್ಲಿ ಆಸಕ್ತಿಯುಳ್ಳವರು ಅವನು ಬೆಳೆದ ಒಕ್ಲಹೋಮದ ಊರಿನ ಹೆಸರನ್ನು ನೋಡಬೇಕು: ಕಾಮರ್ಸ್, ಅಂದರೆ ವಾಣಿಜ್ಯ. ಬೇಸ್‌ಬಾಲ್ ಆಟ ಅಂತರರಾಜ್ಯ ವಾಣಿಜ್ಯವೇ ಅಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟು 1922ರಲ್ಲಿ ತೀರ್ಪು ಕೊಟ್ಟಿತ್ತು. ಆ ತೀರ್ಪಿನ ನೆರಳಿನಲ್ಲಿ ಮಾಲೀಕರು ಆಟಗಾರನನ್ನು ಒಂದೇ ತಂಡಕ್ಕೆ ವರ್ಷದಿಂದ ವರ್ಷಕ್ಕೆ ಕಟ್ಟಿಹಾಕುವ ಕರಾರನ್ನು 1975ರ ಕೊನೆಯ ತನಕ ನಡೆಸಿದರು. ನಮ್ಮ ಹಳ್ಳಿಗಳಲ್ಲಿ ಇಂಥದ್ದನ್ನು ಜೀತ ಎನ್ನುತ್ತಿದ್ದರು, ಅಲ್ಲಿ ವಕೀಲರಿಗೆ ಫೀಸು ಕೊಟ್ಟು ಬೇರೆ ಹೆಸರಿಡಿಸಿದ್ದರು. ವಾಣಿಜ್ಯವಲ್ಲ ಎಂದ ಕೋರ್ಟಿನ ತೀರ್ಪನ್ನು ವಾಣಿಜ್ಯದೂರಿನ ಹುಡುಗ ಹೇಮಾರ್ಕೆಟ್ಟಿನ ಊರಿನಲ್ಲಿ, ಕಾರ್ಮಿಕರ ದಿನದಂದೇ ಬ್ಯಾಟಿನಿಂದ ತಳ್ಳಿಹಾಕಿದ. ಇದಕ್ಕಿಂತ ಸ್ಪಷ್ಟವಾದ ಮೇಲ್ಮನವಿ ಕಾನೂನು ಚರಿತ್ರೆಯಲ್ಲಿ ಸಿಗುವುದು ಕಷ್ಟ.

ಆದರೂ ಈ ಪ್ರಬಂಧದ ಬೆನ್ನೆಲುಬು 1991ರ ಮೇ 1. ಅಂದು ಹಗಲು ಓಕ್ಲೆಂಡಿನಲ್ಲಿ ರಿಕಿ ಹೆಂಡರ್ಸನ್ ತಮ್ಮ 939ನೆಯ ಬೇಸನ್ನು ಕದ್ದು, ಲೂ ಬ್ರಾಕ್ ಅವರ 938ರ ದಾಖಲೆ ಮುರಿದರು. ಎಸೆತಗಾರನ ಕಣ್ಣು ತಪ್ಪಿಸಿ ಒಂದು ಬೇಸಿನಿಂದ ಮುಂದಿನದಕ್ಕೆ ಓಡುವುದಕ್ಕೆ ಆ ಆಟದಲ್ಲಿ ಕಳ್ಳತನವೆಂದೇ ಹೆಸರು, ಲೆಕ್ಕದ ಪುಸ್ತಕದಲ್ಲೂ ಹಾಗೆಯೇ ಬರೆಯುತ್ತಾರೆ. ಮೂರನೆಯ ಬೇಸನ್ನು ಮುಟ್ಟಿದ ಹೆಂಡರ್ಸನ್ ಅಲ್ಲಿಗೇ ಬಿಡಲಿಲ್ಲ. ಆ ಬೇಸನ್ನೇ ನೆಲದಿಂದ ಕಿತ್ತು ತಲೆಯ ಮೇಲೆ ಎತ್ತಿ ಹಿಡಿದರು. ಉತ್ಪಾದನೆಯ ಸಾಧನಗಳನ್ನು ದುಡಿಯುವವರು ವಶಪಡಿಸಿಕೊಳ್ಳಬೇಕೆಂದು ದಪ್ಪ ದಪ್ಪ ಪುಸ್ತಕ ಬರೆದವರುಂಟು. ಅದನ್ನು ಸಾವಿರಾರು ಜನರೆದುರು, ಹಾಡಹಗಲೇ, ಚಪ್ಪಾಳೆ ಹೊಡೆಸಿಕೊಂಡು ಮಾಡಿತೋರಿಸಿದವರು ಇವರೊಬ್ಬರೇ. ಇವರು ಹುಟ್ಟಿದ್ದು ಎಲ್ಲಿ ಎಂದು ಕೇಳಿ: ಷಿಕಾಗೋದಲ್ಲಿ, ಆಸ್ಪತ್ರೆಗೆ ಹೊರಟ ಕಾರಿನ ಹಿಂದಿನ ಸೀಟಿನಲ್ಲಿ.

ಅದೇ ದಿನ ರಾತ್ರಿ ಪಾಳಿಗೆ ಟೆಕ್ಸಸ್ಸಿನ ಆರ್ಲಿಂಗ್ಟನ್ನಿನಲ್ಲಿ ಹಾಜರಾದವರು 44 ವರ್ಷದ ನೋಲನ್ ರಯನ್. ಟೊರಾಂಟೊ ತಂಡದ ಒಬ್ಬನಿಗೂ ಒಂದೂ ಹಿಟ್, ಅಂದರೆ ಬೇಸು ಮುಟ್ಟಿಸುವ ಹೊಡೆತ, ಕೊಡದೆ, 16 ಸಲ ಸ್ಟ್ರೈಕ್‌ಔಟ್ ಮಾಡಿ, 3–0ರಿಂದ ಗೆಲ್ಲಿಸಿದರು. ಇದು ಅವರ ಏಳನೆಯ ನೋ-ಹಿಟ್ಟರ್, ಇನ್ಯಾರಿಗೂ ಅಷ್ಟು ಸಾಧ್ಯವಾಗಿಲ್ಲ. ಕೊನೆಯದಾಗಿ ಔಟಾದವರು ರಾಬರ್ಟೊ ಅಲೋಮರ್. 1973ರಲ್ಲಿ ರಯನ್ ತಮ್ಮ ಮೊದಲೆರಡು ನೋ-ಹಿಟ್ಟರ್ ಎಸೆದ ತಂಡದಲ್ಲಿ ಈ ಅಲೋಮರ್ ಅವರ ಅಪ್ಪ ಇದ್ದರು. ಈಗ ಪದವಿಚಾರಕ್ಕೆ ಇಳಿಯಬೇಕು. ಸ್ಟ್ರೈಕ್ ಎಂಬ ಇಂಗ್ಲಿಷ್ ಮಾತಿಗೆ ಮುಷ್ಕರ ಎಂಬ ಅರ್ಥ ಕೂಡಿದ್ದು 1768ರಲ್ಲಿ, ಲಂಡನ್ನಿನ ನಾವಿಕರು ಹಡಗಿನ ಹಾಯಿ ಇಳಿಸಿ ಕೆಲಸ ನಿಲ್ಲಿಸಿದಾಗ. ಆ ಮಾತಿನ ಇನ್ನೊಂದು ಅರ್ಥ ಹೊಡೆ ಎಂದು. ಬೇಸ್‌ಬಾಲಿನಲ್ಲಿ ಮಾತ್ರ ಬ್ಯಾಟರ್ ಹೊಡೆಯದೆ ಬಿಟ್ಟರೂ, ಬೀಸಿ ತಪ್ಪಿದರೂ ಸ್ಟ್ರೈಕ್! ಹೊಡೆಯುವುದೇ ಕಸುಬಾಗಿರುವವನು ಹೊಡೆಯದಿದ್ದದ್ದಕ್ಕೆ ‘ಹೊಡೆತ’ ಎನ್ನುವುದು ಯಾವ ವ್ಯಾಕರಣಕ್ಕೂ ಸಲ್ಲದು. ಮುಷ್ಕರ ಎಂದು ಓದಿಕೊಂಡರೆ ಗಂಟು ತಾನಾಗಿ ಬಿಚ್ಚಿಕೊಳ್ಳುತ್ತದೆ. ಅವನು ಕೆಲಸ ನಿಲ್ಲಿಸಿದ್ದಾನೆ, ಅಂಪೈರ್ ಅದನ್ನು ಕೂಗಿ ದಾಖಲಿಸುತ್ತಾನೆ. ಮೂರು ಮುಷ್ಕರವಾದರೆ ಕೆಲಸದಿಂದ ವಜಾ. ಈ ಲೆಕ್ಕದಲ್ಲಿ ಆ ರಾತ್ರಿ ಕನಿಷ್ಠ 48 ಮುಷ್ಕರಗಳು ನಡೆದಿವೆ. ಮೇ 1ರಂದು ಒಂದೇ ಸೂರಿನಡಿ ಇಷ್ಟು ಮುಷ್ಕರ ನಡೆಸಿದ ಸಂಘಟನೆ ಜಗತ್ತಿನ ಯಾವ ಮೂಲೆಯಲ್ಲೂ ಇಲ್ಲವೆಂದು ಧೈರ್ಯವಾಗಿ ಹೇಳಬಹುದು. ಇನ್ನು ‘ಹಿಟ್’. ವ್ಯಂಜನದಲ್ಲಿ ಮುಗಿಯುವ ಪರಭಾಷಾ ಪದ ಕನ್ನಡಕ್ಕೆ ಬಂದಾಗ ಬಸ್ಸು, ನೋಟು, ಬ್ಯಾಟುಗಳಂತೆ ಉಕಾರ ಪಡೆದು ‘ಹಿಟ್ಟು’ ಆಗುತ್ತದೆ. ಹಳೇ ಮೈಸೂರು ಸೀಮೆಯಲ್ಲಿ ಹಿಟ್ಟು ಎಂದರೆ ಮುದ್ದೆ, ಮುದ್ದೆ ಎಂದರೆ ಊಟ. ಹಾಗಾಗಿ ಹಿಟ್ಟಿಲ್ಲದ ಪಂದ್ಯವೆಂದರೆ ಸಾಮೂಹಿಕ ಉಪವಾಸ. 1969ರ ಮೇ 1ರಂದು ಹ್ಯೂಸ್ಟನ್ನಿನ ಡಾನ್ ವಿಲ್ಸನ್ ಸಿನ್ಸಿನಾಟಿಯವರಿಗೆ ಇಂಥದ್ದೇ ಉಪವಾಸ ಹಾಕಿಸಿದ್ದರು ಎಂಬುದನ್ನೂ ಇಲ್ಲೇ ಸೇರಿಸಬಹುದು.

ಇದೆಲ್ಲ ಕಾಕತಾಳೀಯ, ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಗಿದೆ ಎನ್ನುವವರು ಇದ್ದೇ ಇರುತ್ತಾರೆ. ಒಂದು ಸಲ ಮುರಿದರೆ ಕಾಕತಾಳೀಯ. ಅದೇ ಕಾಗೆ ಅದೇ ತಾರೀಖಿಗೆ ಬಂದು ಟೊಂಗೆ ಮುರಿಯುತ್ತಲೇ ಇದ್ದರೆ ಅದಕ್ಕೆ ಸಂಬಳ ಕೊಡುವವರು ಯಾರೆಂದು ವಿಚಾರಿಸಬೇಕಾಗುತ್ತದೆ. ಜುಲೈ 4ರ ಪಕ್ಷದವರು ತಮ್ಮ ದಿನವೇ ದೊಡ್ಡದೆಂದು ವಾದಿಸಿ, 1939ರಲ್ಲಿ ಲೂ ಗೆರಿಗ್ ಯಾಂಕೀ ಸ್ಟೇಡಿಯಂನಲ್ಲಿ ಬೀಳ್ಕೊಂಡದ್ದನ್ನು ಮುಂದಿಡುತ್ತಾರೆ. ಆ ಬೀಳ್ಕೊಡುಗೆಯ ಮುಂದೆ ನಾವೂ ತಲೆ ಬಾಗುತ್ತೇವೆ. ಆದರೆ ಜುಲೈ 4 ಸರ್ಕಾರಿ ರಜೆ, ಪಟಾಕಿಯ ಖರ್ಚಿನಲ್ಲಿ ಬದುಕುವ ದಿನ. ಸ್ವಂತ ದುಡಿಮೆಯಿಂದ ಹೆಸರು ಮಾಡಿದ ದಿನದ ಪಕ್ಕದಲ್ಲಿ ಅದನ್ನು ಕೂರಿಸುವುದು ನ್ಯಾಯವಲ್ಲ. ಇದಕ್ಕಿಂತ ಚೂಪಾದ ಆಕ್ಷೇಪ ಇನ್ನೊಂದಿದೆ: ಬೇಸ್‌ಬಾಲ್ ಆಟಗಾರರು ನಿಜವಾಗಿ ಮುಷ್ಕರ ಹೂಡಿದ್ದು 1972ರ ಏಪ್ರಿಲ್ 1ರಂದು, 1981ರ ಜೂನ್ 12ರಂದು, 1994ರ ಆಗಸ್ಟ್ 12ರಂದು. ಮೂರನೆಯದರಿಂದ ಆ ವರ್ಷ ವರ್ಲ್ಡ್ ಸೀರೀಸೇ ನಡೆಯಲಿಲ್ಲ. ಮೇ 1 ಎಲ್ಲೂ ಇಲ್ಲ. ಉತ್ತರ ಸರಳ. ತಲೆಮರೆಸಿಕೊಂಡವನು ತನ್ನ ಮನೆಯ ಮುಂದೆ ಗಲಾಟೆ ಮಾಡಿಸುತ್ತಾನೆಯೇ? ವರ್ಷಕ್ಕೆ ಹತ್ತು ಲಕ್ಷ ಡಾಲರ್ ಸಂಬಳ ಪಡೆದ ಮೊದಲ ಬೇಸ್‌ಬಾಲ್ ಆಟಗಾರ ಇದೇ ರಯನ್ ಅಲ್ಲವೇ, ಅವರೆಂಥ ಕಾರ್ಮಿಕ ಎಂದು ಕೇಳುವವರಿಗೆ ಹೇಳುವುದಿಷ್ಟೇ: ನಲವತ್ತನಾಲ್ಕನೆಯ ವಯಸ್ಸಿನಲ್ಲಿ ರಾತ್ರಿ ಪಾಳಿ ಮಾಡಿ ನೋಡಿ.

ಕೊನೆಯ ತೊಡಕು ಕಾಲಕ್ರಮದ್ದು. ಫಿಲಡೆಲ್ಫಿಯಾ ತಂಡ ತನ್ನ ಮೊಟ್ಟಮೊದಲ ಪಂದ್ಯವನ್ನು 1883ರ ಮೇ 1ರಂದು ಆಡಿ ಪ್ರಾವಿಡೆನ್ಸ್ ಎದುರು 4–3ರಿಂದ ಸೋತಿತು. ಹೇಮಾರ್ಕೆಟ್ಟಿಗೆ ಇನ್ನೂ ಮೂರು ವರ್ಷವಿತ್ತು, ಠರಾವಿಗೂ ಒಂದು ವರ್ಷ. ಕಾರಣಕ್ಕಿಂತ ಮುಂಚೆ ಕಾರ್ಯ ಹೇಗೆ ಬಂತು? ಸೋಲಿಗೆ ಕಾರಣ ಬೇಕೆನ್ನುವವರು ಆ ತಂಡವನ್ನು ಕಂಡವರಲ್ಲ. 2007ರಲ್ಲಿ 10,000 ಸೋಲು ಪೂರೈಸಿದ ಮೊದಲ ತಂಡ ಅದೇ, ಮೇ 1ರಂದು ಹಿಡಿದ ಕೆಲಸವನ್ನು ಅಷ್ಟು ನಿಷ್ಠೆಯಿಂದ ಮಾಡಿದವರು ಅಪರೂಪ. 1920ರ ಬ್ರೂಕ್ಲಿನ್ ತಂಡದ ಪಾಡೂ ಕಡಿಮೆಯೇನಲ್ಲ. ಬಾಸ್ಟನ್ನಿನಿಂದ ಮನೆಗೆ ಬಂದು ಮಾರನೆಯ ದಿನ ಫಿಲಡೆಲ್ಫಿಯಾ ಎದುರು 13 ಇನಿಂಗ್ಸ್ ಆಡಿ ಸೋತರು, ಮತ್ತೆ ಬಾಸ್ಟನ್ನಿಗೆ ಹೋಗಿ ಮೇ 3ರಂದು 19 ಇನಿಂಗ್ಸ್ ಆಡಿ ಸೋತರು. ಮೂರು ದಿನ, 58 ಇನಿಂಗ್ಸ್, ಗೆಲುವು ಸೊನ್ನೆ. ಮೇ 1ರ ಆ ಪಂದ್ಯದಲ್ಲಿ ಬಾಸ್ಟನ್ನಿನ ಪರ ಚಾರ್ಲಿ ಪಿಕ್ ಎಂಬಾತನೂ ಆಡಿದ್ದ. ಅವನ ಹೆಸರಿನ ಮುಂದೆ ಲೆಕ್ಕದ ಪುಸ್ತಕದಲ್ಲಿ ಹೀಗಿದೆ: 11 ಸಲ ಬ್ಯಾಟು ಹಿಡಿದದ್ದು, ಹಿಟ್ಟು ಇಲ್ಲ.