ಬೂಷ್ಟಿಗೂ ಪಂಕ್ತಿಭೇದ

ದಾವಣಗೆರೆ, ಹಾವೇರಿ ಕಡೆ ಸರ್ಕಾರ ರಸ್ತೆ ಮಾಡಿಸುವುದೇ ಮೆಕ್ಕೆಜೋಳ ಒಣಗಿಸಲಿಕ್ಕೆ. ಅರ್ಧ ರಸ್ತೆ ಕಾಳಿಗೆ. ಮಿಕ್ಕದ್ದರಲ್ಲಿ ಬಸ್ಸು ಲಾರಿಗಳು ಸುಧಾರಿಸಿಕೊಂಡು ಹೋಗಬೇಕು. ರೈತನಿಗೆ ಕಣವೂ ಇಲ್ಲ, ಒಣಗಿಸುವ ಯಂತ್ರವೂ ಇಲ್ಲ. ಇರುವುದು ಒಂದು ತಾಡಪಾಲು. ಮೋಡ ಕವಿಯಿತೆಂದರೆ ಅದನ್ನು ಹಿಡಿದು ಮನೆಮಂದಿಯೆಲ್ಲ ಓಡುತ್ತಾರೆ. ಅದರಡಿ ಬೆವರಿದ ಕಾಳಿಗೆ ಬೂಷ್ಟು ಹಿಡಿಯದೆ ಇನ್ನೇನಾದೀತು? ತೇವಾಂಶ ನೂರಕ್ಕೆ 14 ದಾಟಿತೆಂದು ದಲ್ಲಾಳಿ ಮೂಗು ಮುರಿದು ದರ ಇಳಿಸುತ್ತಾನೆ. ಇಳಿಯುವುದು ದರ ಮಾತ್ರ. ಕಾಳು ಎಲ್ಲಾದರೊಂದು ಹೊಟ್ಟೆ ಸೇರಿಯೇ ತೀರುತ್ತದೆ.

ಯಾರ ಹೊಟ್ಟೆ ಎಂಬುದಕ್ಕೆ ಪಂಕ್ತಿಗಳಿವೆ. ಮೊದಲ ಪಂಕ್ತಿ ಯುರೋಪಿನದು. ನೇರವಾಗಿ ತಿನ್ನುವ ಧಾನ್ಯದಲ್ಲಿ ಅಫ್ಲಟಾಕ್ಸಿನ್ ಎಂಬ ಬೂಷ್ಟಿನ ವಿಷ ಕಿಲೋಗೆ 4 ಮೈಕ್ರೋಗ್ರಾಂ ಮೀರಿದರೆ ಅವರು ಎಲೆ ಬಿಟ್ಟು ಏಳುತ್ತಾರೆ. ನಮ್ಮ ಮಿತಿ 15. ಭಾರತೀಯರ ಲಿವರ್ ಸುಮಾರು ನಾಲ್ಕು ಪಟ್ಟು ಗಟ್ಟಿ ಎಂದು ಶಾಸನವೇ ಸರ್ಟಿಫಿಕೇಟ್ ಕೊಟ್ಟಂತಾಯಿತು. (ಬೇಯಿಸಿದರೆ ಎಲ್ಲ ಸರಿಹೋಗುತ್ತೆ ಅನ್ನುವ ಧೈರ್ಯವಂತರೂ ಇದ್ದಾರೆ. ಬೇಯಿಸಿದರೆ ಸಾಯುವುದು ಬೂಷ್ಟು. ಅದು ಬಿಟ್ಟುಹೋದ ವಿಷ ರೊಟ್ಟಿ ಹಂಚಿನ ಬಿಸಿಗೆ ಜಗ್ಗುವ ಜಾತಿಯಲ್ಲ.)

ಎರಡನೇ ಪಂಕ್ತಿಯಲ್ಲಿ ನಾವಿದ್ದೇವೆಂದುಕೊಂಡರೆ, ಅಲ್ಲಿ ಕೋಳಿ ಕೂತಿದೆ. ಅದರ ಮೇವಿಗೆ ಟಾಕ್ಸಿನ್ ಬೈಂಡರ್ ಎಂಬ ವಿಷ ಹಿಡಿದಿಡುವ ಪುಡಿ ಬೆರೆಸುತ್ತಾರೆ. ಕೋಳಿ ಸತ್ತರೆ ಲೆಕ್ಕದ ಪುಸ್ತಕದಲ್ಲಿ ನಷ್ಟ ಬರೆಯಬೇಕು, ಅದಕ್ಕೇ ಈ ಉಪಚಾರ. ಅಫ್ಲಟಾಕ್ಸಿನ್ ಪತ್ತೆಯಾಗಿದ್ದೂ ಪಕ್ಷಿಗಳ ಪುಣ್ಯದಿಂದ. 1960ರಲ್ಲಿ ಬ್ರೆಜಿಲ್‌ನ ಶೇಂಗಾ ಹಿಂಡಿ ತಿಂದು ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತವು. ವಿಜ್ಞಾನಿಗಳು ಬೆನ್ನುಹತ್ತಿ ವಿಷವನ್ನು ಹಿಡಿದು ನಾಮಕರಣ ಮಾಡಿದರು. ಕ್ರಿಸ್ಮಸ್ ಊಟದ ಪ್ರಶ್ನೆಯಲ್ಲವೇ!

ಅದರ ಹೆಸರು, ಗೋತ್ರ, ಸೂತ್ರವೆಲ್ಲ ಗೊತ್ತಾಗಿ ದಶಕ ಕಳೆದ ಮೇಲೆ, 1974ರಲ್ಲಿ, ಗುಜರಾತಿನ ಪಂಚಮಹಲ್ ಮತ್ತು ರಾಜಸ್ಥಾನದ ಬಾನ್ಸವಾಡಾದ ಆದಿವಾಸಿ ಹಳ್ಳಿಗಳಲ್ಲಿ ಕಾಮಾಲೆ ಹಬ್ಬಿತು. ಅಕಾಲ ಮಳೆಗೆ ನೆನೆದ ಮೆಕ್ಕೆಜೋಳವೇ ಅವರ ಊಟ. ಮಲಗಿದ 397 ಮಂದಿಯಲ್ಲಿ 106 ಜನ ಏಳಲಿಲ್ಲ. ಅದೇ ಅನ್ನ ಹಂಚಿಕೊಂಡ ನಾಯಿಗಳೂ ಸತ್ತವು. ಕೊನೆಯ ಪಂಕ್ತಿಯಲ್ಲಿ ಮಾತ್ರ ಭೇದವಿಲ್ಲ ನೋಡಿ. 1995ರಲ್ಲಿ ದಖ್ಖನ್ನಿನ ಹಳ್ಳಿಗಳ ಸರದಿ: ಮಳೆಗೆ ಸಿಕ್ಕ ಜೋಳ ತಿಂದವರಿಗೆ ಹೊಟ್ಟೆ ಗುಡುಗುಡು, ನೋವು, ಭೇದಿ. ಈ ಸಲ ಫ್ಯುಮೋನಿಸಿನ್, ಬೇರೆ ಬೂಷ್ಟಿನ ಕೊಡುಗೆ. ಅದೇ ಊರಲ್ಲಿ ಒಳ್ಳೆಯ ಕಾಳು ತಿಂದ ಮನೆಗಳಿಗೆ ಏನೂ ಆಗಲಿಲ್ಲ. ಬೂಷ್ಟಿಗೆ ಜಾತಿ ಗೊತ್ತಿಲ್ಲ, ಆದರೂ ವಿಳಾಸ ತಪ್ಪುವುದಿಲ್ಲ.

ಸುಗ್ಗಿ ಮುಗಿದ ಮೇಲೆ ಉತ್ತರ ಕರ್ನಾಟಕದ ಯಾವುದೇ ಊರಿಗೆ ಹೋಗಿ, ಮಳೆಗೆ ಕಪ್ಪಾದ ಜೋಳ ಏನಾಯಿತೆಂದು ಕೇಳಿ ನೋಡಿ.

"ಅದನ್ಯಾರು ತಗೋತಾರ್ರೀ? ಕೂಲಿಗೆ ಬಂದೋರಿಗೆ ಅಳದು ಕೊಟ್ವಿ."