ಜಾಲಿಯ ಮುಂದೆ ಜರ್ಮನಿ

ತುಳಸಿಗೇರಿಯ ನಮ್ಮ ಕಾಕಾ ವರ್ಷಕ್ಕೆ ಎರಡು ಕಾಯಿ ತಪ್ಪದೆ ಒಡೆಯುತ್ತಾರೆ. ಒಂದು ಕಾರ್ತಿಕದಲ್ಲಿ ಹನುಮಪ್ಪನ ಗುಡಿಯಲ್ಲಿ, ಇನ್ನೊಂದು ಖಂಡೇಪೂಜೆಯ ದಿನ ಮರ ಕೊಯ್ಯುವ ಮಷಿನ್ನಿನ ಮುಂದೆ. ಹನುಮಪ್ಪ ಇವತ್ತಿನವರೆಗೆ ಏನೂ ಅಂದಿಲ್ಲ. ಮಷಿನ್ನು ಮಾತ್ರ ಒಂದು ಸಲ ಸಿಟ್ಟಾಗಿತ್ತು. ಕಾಯಿಯ ನೀರು ಪ್ಲಗ್ಗಿಗೆ ಸಿಡಿದು ಮೂರು ದಿನ ಚಾಲೂ ಆಗಲಿಲ್ಲ. ಅಂದಿನಿಂದ ಕಾಕಾ ಕಾಯಿಯನ್ನು ನಾಲ್ಕು ಮಾರು ದೂರ ಒಡೆದು, ಹೋಳು ಮಾತ್ರ ತಂದು ಮುಂದಿಡುತ್ತಾರೆ.

ಪ್ಯಾಟಿಯವರು ಇದನ್ನು ಚೈನ್ ಸಾ ಅನ್ನುತ್ತಾರೆ. ಊರಲ್ಲಿ ಅದು ಬರೀ 'ಕಾಕಾನ ಮಷಿನ್ನು'. ಜರ್ಮನಿಯ ಸ್ಟಿಲ್ ಕಂಪನಿಯ 070, 1960ರ ದಶಕದ ಕೊನೆಯ ವಿನ್ಯಾಸ. ಎಂಜಿನ್ 105 ಸಿಸಿ. ಊರಿನ ಅರ್ಧ ಮಂದಿ ಹೆಂಡತಿ, ಮಗು, ಎರಡು ಚೀಲ ಗೊಬ್ಬರ ಹೇರಿಕೊಂಡು ಓಡಾಡುವ ಸ್ಪ್ಲೆಂಡರ್ ಗಾಡಿಯದು 97 ಸಿಸಿ ಚಿಲ್ಲರೆ. ಅಂದರೆ ಕಾಕಾ ಎರಡು ಕೈಯಲ್ಲಿ ಎತ್ತಿ ಹಿಡಿಯುವುದು ಮೋಟಾರ್ ಸೈಕಲ್ಲಿಗಿಂತ ದೊಡ್ಡ ಎಂಜಿನ್ನು. ಗಾಲಿ ಇಲ್ಲ, ಸೀಟಿಲ್ಲ, ಬ್ರೇಕೂ ಇಲ್ಲ. ಪಟ್ಟಿ, ಚೈನು ಬಿಟ್ಟು ಬರೀ ಮೈಭಾರವೇ ಹತ್ತು ಕಿಲೋದ ಮೇಲೆ. ದಾಂಡೇಲಿ ಕಡೆಯ ಒಬ್ಬ ಕಟ್ಟಿಗೆ ಗುತ್ತಿಗೆದಾರ ವ್ಯವಹಾರ ಬಿಟ್ಟು ಕೂತಾಗ ಕಾಕಾ ಹೋಗಿ, ಎತ್ತು ಕೊಳ್ಳುವವರ ಹಾಗೆ ಹಲ್ಲು ನೋಡಿ, ಬೆನ್ನು ಸವರಿ ಹೊಡೆದುಕೊಂಡು ಬಂದದ್ದು.

ನಾನು ನವನಗರದಲ್ಲಿ ಬಿಡಾರ ಮಾಡಿಕೊಂಡಿರುವವನು. ಹಳೇ ಬಾಗಲಕೋಟೆಯ ಅರ್ಧ ಆಲಮಟ್ಟಿಯ ಹಿನ್ನೀರಿಗೆ ಹೋದ ಮೇಲೆ ಸರ್ಕಾರ ಕಟ್ಟಿದ ಊರು ಅದು. ಅಲ್ಲಿ ಓಣಿಗಳಿಲ್ಲ, ಸೆಕ್ಟರ್‌ಗಳಿವೆ. ಸಂಜೆ ಕಟ್ಟೆಯ ಮೇಲೆ ಕೂತ ಹಿರಿಯರೆಲ್ಲ ಹೇಳುವುದು ಒಂದೇ ಮಾತು: "ಹಳೇ ಊರಾನ ಗ್ವಾಡಿ ಏನ್ ಗಟ್ಟಿ ಇದ್ವೋ ಮಾರಾಯಾ!" ಮುಳುಗಿದ ಗೋಡೆ ಗಟ್ಟಿ ಇತ್ತೋ ಇಲ್ಲವೋ ಪರೀಕ್ಷೆ ಮಾಡುವವರು ಯಾರು? ಹೀಗೆ ಹಳೆಯದೆಲ್ಲ ಗಟ್ಟಿ ಎನ್ನುವ ಸಿದ್ಧಾಂತದ ನಡುವೆಯೇ ಬೆಳೆದು, ಅದಕ್ಕೆ ವಿರುದ್ಧವಾಗಿ ಏನಾದರೂ ಮಾಡಿ ತೋರಿಸಬೇಕೆಂಬ ಹಟ ನನಗೆ ಹತ್ತಿತ್ತು. ಅವಕಾಶ ಕೊಟ್ಟದ್ದು ಬಳ್ಳಾರಿ ಜಾಲಿ.

ಗದ್ದನಕೇರಿ ಕ್ರಾಸ್ ದಾಟಿ ಕಲಾದಗಿ ಕಡೆ ಹೊರಟರೆ ನಡುವೆ ಸಿಗುವ ಊರು ತುಳಸಿಗೇರಿ. ಅಲ್ಲಿ ನನ್ನ ಪಾಲಿಗೆ ಬಂದ ಹೊಲವಿದೆ. ನಾನು ನೌಕರಿ ಮಾಡುತ್ತಿದ್ದ ಅಷ್ಟೂ ವರ್ಷ ಅದರ ಬದುವನ್ನು ಕಾದದ್ದು ಜಾಲಿ. ಕಾದದ್ದು ಎಷ್ಟು ಚೆನ್ನಾಗಿ ಎಂದರೆ ಕಡೆಗೆ ನಾನೇ ಒಳಗೆ ಹೋಗಲು ಆಗಲಿಲ್ಲ. ಬದುವಿನ ಮೂಲೆಯಲ್ಲೊಂದು ಬೇವಿನ ಮರ. ಅದಕ್ಕೆ ಕೊಡಲಿ ಹಾಕಬೇಕಾದರೆ 1976ರ ಮರ ಸಂರಕ್ಷಣೆ ಕಾಯ್ದೆಯಂತೆ ಅರಣ್ಯ ಇಲಾಖೆಯ ಪರವಾನಗಿ ಬೇಕು. ಜಾಲಿಗೆ ಆ ಮರ್ಯಾದೆ ಇಲ್ಲ, ಯಾರು ಬೇಕಾದರೂ ಕಡಿಯಬಹುದು. ಕಡಿಯಲು ಆಗುತ್ತದೆಯೇ ಎಂಬುದು ಬೇರೆ ಪ್ರಶ್ನೆ.

"ನನ್ನ ಮಷಿನ್ ಒಯ್ಯೋ ತಮ್ಮಾ" ಅಂದರು ಕಾಕಾ. ಒಯ್ದೆ. ಹಗ್ಗ ಎಳೆದೆ. ಹಗ್ಗ ನನ್ನನ್ನೇ ಎಳೆದುಕೊಂಡಿತು. ಭುಜದ ಕೀಲು ಕಳಚಿದ ಹಾಗಾಗಿ ಅಲ್ಲೇ ಕೂತೆ. ಇಷ್ಟು ಭಾರದ ವಸ್ತುವನ್ನು ಯಾವ ಪುಣ್ಯಾತ್ಮ ಮಾಡಿದ ಎಂದು ಮನೆಗೆ ಬಂದು ಓದಿದಾಗ ಕಾಕಾನದು ಹಗುರ ಎಂದು ಗೊತ್ತಾಯಿತು. ಸ್ಟುಟ್‌ಗಾರ್ಟಿನ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ಮಾಡಿದ ಮೊದಲ ವಿದ್ಯುತ್ ಗರಗಸ 48 ಕಿಲೋ ಇತ್ತಂತೆ, ಇಬ್ಬರು ಹಿಡಿಯಬೇಕಿತ್ತು. 1929ರ ಪೆಟ್ರೋಲ್ ಗರಗಸ 46 ಕಿಲೋ. ಒಬ್ಬನೇ ಹಿಡಿಯುವಂಥದ್ದು ಬಂದದ್ದು 1950ರಲ್ಲಿ. ಇದನ್ನು ಕಾಕಾಗೆ ಹೇಳಿದೆ. ಅವರು ಲೆಕ್ಕ ಹಾಕಿದರು. "ನಲವತ್ತೆಂಟು ಅಂದ್ರ ಅರ್ಧ ಕ್ವಿಂಟಲ್ ಆತು. ಹಮಾಲಿ ಯಾರ್ ಕೊಡ್ತಿದ್ರು?"

ನಾನು ಹೊಸದನ್ನೇ ಕೊಂಡೆ. ಮೊಬೈಲಿನಲ್ಲಿ ಬೆರಳೊತ್ತಿದೆ, ನಾಲ್ಕನೇ ದಿನ ಬಾಗಿಲಿಗೆ ಬಂತು. 58 ಸಿಸಿ, ಕಿತ್ತಳೆ ಬಣ್ಣ, ಎತ್ತಿದರೆ ಹೂವು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 'ಪ್ರೊಫೆಷನಲ್' ಎಂದಿತ್ತು. ಮೈಮೇಲೂ ಅದೇ ಚೀಟಿ, ಕೈಪಿಡಿಯಲ್ಲೂ ಅದೇ ಮಾತು. ಇಷ್ಟು ಸಲ ಹೇಳಿಕೊಳ್ಳುವವರನ್ನು ನಂಬಬಾರದೆಂಬ ಸಾಮಾನ್ಯ ಜ್ಞಾನ ಚುನಾವಣೆಯಲ್ಲಿ ನನಗಿದೆ, ಖರೀದಿಯಲ್ಲಿ ಇರಲಿಲ್ಲ. ನಿಜವಾದ ವೃತ್ತಿಪರ ಮಷಿನ್ನಿನ ಎಂಜಿನ್ನು ಕೂರುವುದು ಮೆಗ್ನೀಷಿಯಂ ಲೋಹದ ಗೂಡಿನಲ್ಲಿ. ನನ್ನದು ಕೂತದ್ದು ಪ್ಲಾಸ್ಟಿಕ್ಕಿನಲ್ಲಿ. ಕಾಕಾ ಅದನ್ನು ಬೆರಳಿಂದ ತಟ್ಟಿ ನೋಡಿದರು. ಟಣ್ ಅನ್ನಲಿಲ್ಲ, ಟಪ್ ಅಂದಿತು. "ಕೊಡಾ ಕೊಳ್ಳಾಕರ ತಟ್ಟಿ ನೋಡ್ತಾರಲ್ಲೋ" ಅಂದು ಸುಮ್ಮನಾದರು.

ಮೊದಲ ಅರ್ಧ ಗಂಟೆ ನನ್ನದೇ ರಾಜ್ಯ. ಹಗ್ಗ ಎಳೆದರೆ ಚಾಲೂ, ಒತ್ತಿದರೆ ಕೊಯ್ತ. ಕೊಂಬೆಗಳು ಸೌತೆಕಾಯಿಯ ಹಾಗೆ ಬಿದ್ದವು. ಬದುವಿನ ಆ ತುದಿಯಲ್ಲಿ ಕಾಕಾ ತಮ್ಮ ಮಷಿನ್ನಿನ ಪಾಯಿಂಟ್ ತಿಕ್ಕುತ್ತ, ಪ್ಲಗ್ಗಿಗೆ ಊದುತ್ತ, ಅದಕ್ಕೂ ಅವರಿಗೂ ಮಾತ್ರ ತಿಳಿಯುವ ಬೈಗುಳ ಬೈಯುತ್ತ ಕೂತಿದ್ದರು. ಕಡೆಗೊಮ್ಮೆ ಅದು ಗುಡುಗಿತು. ಕಲಾದಗಿಯ ಚಿಕ್ಕೂ ತೋಟದ ಹಕ್ಕಿಗಳೆಲ್ಲ ಎದ್ದಿರಬೇಕು. ಅಷ್ಟೊತ್ತಿಗೆ ನನ್ನ ಮಷಿನ್ನು ಕೊಯ್ಯುವುದು ಬಿಟ್ಟು ಮರವನ್ನು ಸವರತೊಡಗಿತ್ತು. ಹೊಗೆ ಬಂತು, ಮರದ ಹೊಗೆ.

"ಹಲ್ಲು ಮಣ್ಣಿಗೆ ಹಚ್ಚೀಯೇನೋ?" ಕಾಕಾ ಅಲ್ಲಿಂದಲೇ ಕೂಗಿದರು. ಹಚ್ಚಿದ್ದೆ. ಬುಡ ನೆಲಮಟ್ಟಕ್ಕೆ ಕೊಯ್ಯುವ ಉಮೇದಿಯಲ್ಲಿ ಒಂದು ಸಲ ಎರೆಮಣ್ಣು ಮುಟ್ಟಿಸಿದ್ದೆ. ಒಂದು ಸಲ ಸಾಕು.

ಕಾಕಾ ಬಂದು ಬೊಡ್ಡೆಯ ಮೇಲೆ ಮಷಿನ್ನು ಇಟ್ಟುಕೊಂಡು, ಕಿಸೆಯಿಂದ ಪೆನ್ಸಿಲ್ಲಿನಷ್ಟು ದುಂಡಗಿನ ಕಾನಸು ತೆಗೆದರು. ಚೈನಿನ ಹಲ್ಲುಗಳು ಒಂದು ಎಡಕ್ಕೆ, ಒಂದು ಬಲಕ್ಕೆ ಬಾಗಿರುತ್ತವೆ. ಮೊದಲು ಎಡದವನ್ನೆಲ್ಲ ತಿಕ್ಕಿ, ಆಮೇಲೆ ಮಗ್ಗಲು ಬದಲಿಸಿ ಬಲದವನ್ನು. ಒಂದೊಂದಕ್ಕೆ ಮೂರೇ ಎಳೆತ, ಒಳಗಿನಿಂದ ಹೊರಕ್ಕೆ. ಹಿಂದಕ್ಕೆ ತರುವಾಗ ಕಾನಸು ಹಲ್ಲಿಗೆ ತಾಗಕೂಡದು. ನಾಲ್ಕನೇ ಸಲ ಎಳೆಯಲು ಹೋದ ನನ್ನ ಕೈಗೆ ಹೊಡೆದರು. ಆ ಹಲ್ಲಿನ ಆಕಾರ ಹೊಳೆದದ್ದು ಅಮೆರಿಕದ ಆರೆಗನ್ನಿನ ಮರ ಕಡಿಯುವ ಜೋಸೆಫ್ ಕಾಕ್ಸ್ ಎಂಬಾತನಿಗೆ. 1946ರಲ್ಲಿ ಒಂದು ಕೊರಡಿನಲ್ಲಿ ಮರಹುಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೊರೆಯುವುದನ್ನು ಕಂಡು, ಅದರ ದವಡೆಯ ಮಾದರಿಯಲ್ಲೇ ಉಕ್ಕಿನ ಹಲ್ಲು ಮಾಡಿದ. ಇಂದು ಜಗತ್ತಿನ ಬಹುಪಾಲು ಚೈನುಗಳು ಆ ಹುಳುವಿನ ಮೊಮ್ಮಕ್ಕಳು. ಇಷ್ಟನ್ನು ನಾನು ವರ್ಣಿಸಿದಾಗ ಕಾಕಾ ತಲೆಯೆತ್ತದೆ ಹೇಳಿದರು: "ಹುಳಕ್ಕ ಗೊತ್ತಿತ್ತು, ಮಣ್ಣು ತಿನಬಾರ್ದು ಅಂತ."

ಮತ್ತೆ ಚಾಲೂ ಮಾಡಿದಾಗ ಹಿಟ್ಟು ಉದುರುತ್ತಿದ್ದ ಜಾಗದಲ್ಲಿ ಅವಲಕ್ಕಿಯಂಥ ಚಕ್ಕೆ ಹಾರಿತು. ಹಲ್ಲು ಹರಿತ ಇದೆ ಅನ್ನಲು ಅದೇ ಗುರುತು.

ಎರಡನೇ ದಿನ ಕಾಕಾ ಊರಲ್ಲಿರಲಿಲ್ಲ. ಪೆಟ್ರೋಲ್ ತೀರಿತ್ತು. ಗಾಡಿಯಿಂದ ಒಂದು ಬಾಟಲಿ ಬಗ್ಗಿಸಿ ಸುರಿದೆ. ಓದುಗರಲ್ಲಿ ಐವತ್ತು ದಾಟಿದವರು ಇಲ್ಲಿಗೇ 'ಅಯ್ಯೋ' ಅಂದಿರುತ್ತೀರಿ. ಇದು ಟೂ ಸ್ಟ್ರೋಕ್ ಎಂಜಿನ್ನು. ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕು, ಒಳ್ಳೆಯ ಆಯಿಲ್ ಆದರೆ ಲೀಟರಿಗೆ 20 ಮಿಲಿ, ಸಾಮಾನ್ಯದ್ದಾದರೆ 40. ಲೂನಾ, ರಾಜದೂತ್, ಎಜ್ಡಿ ಓಡಿಸಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಬಂಕಿನ ಹುಡುಗನೇ "ಆಯಿಲ್ ಎಷ್ಟ್ ಹಾಕ್ಲಿ?" ಎಂದು ಕೇಳುತ್ತಿದ್ದ. ಎಜ್ಡಿ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಬಂಕಿನ ಹುಡುಗ ಆ ಪ್ರಶ್ನೆ ಕೇಳುವುದನ್ನು ಬಿಟ್ಟ. ನಾನೂ ಮರೆತೆ. ಐದು ನಿಮಿಷ ಕಿರುಚಿದ ಮಷಿನ್ನು 'ಕಿರ್ರ್' ಎಂದು ನಿಂತಿತು. ಆಮೇಲೆ ಹಗ್ಗ ಒಂದಿಂಚೂ ಬರಲಿಲ್ಲ.

ಪಿಸ್ಟನ್ ಹಿಡಿದಿದೆ ಎಂದು ಬಾಗಲಕೋಟೆಯ ಮೇಸ್ತ್ರಿ ಕೈ ತೊಳೆದುಕೊಂಡ. ಹುಬ್ಬಳ್ಳಿಗೆ ಒಯ್ದೆ. ಅಂಗಡಿಯವರು ಅದನ್ನು ಹಿಂದೆ ಮುಂದೆ ತಿರುವಿ ನೋಡಿ, "ಈ ಮಾಡೆಲ್ ಬಂದ್ ಆಗೇತ್ರಿ" ಅಂದರು. ಕೊಂಡು ಹನ್ನೊಂದು ತಿಂಗಳಾಗಿತ್ತು. ಮೊಬೈಲಿನಲ್ಲಿ ಹುಡುಕಿದೆ. ಮಾರಿದವರ ಹೆಸರೂ ಕಾಣೆ, 'ಪ್ರೊಫೆಷನಲ್' ಪುಟವೂ ಕಾಣೆ. ಹೊರಡುವ ಮುನ್ನ ಸುಮ್ಮನೆ ಕೇಳಿದೆ, "070ರ ಪಿಸ್ಟನ್ ಸಿಗ್ತದೇನ್ರಿ?" ಅಂಗಡಿಯವರ ಮುಖ ಅರಳಿತು. "ಅಸಲಿ ಬೇಕ್ರ್ಯೋ, ಚೀನಾದ್ದು ಬೇಕ್ರ್ಯೋ?" ಅರ್ಧ ಶತಮಾನದ ಹಿಂದಿನ ವಿನ್ಯಾಸಕ್ಕೆ ಪಿಸ್ಟನ್ನು, ಪಾಯಿಂಟು, ಕಾರ್ಬೊರೇಟರಿನ ರಬ್ಬರು ಎಲ್ಲ ಗಾಜಿನ ಕಪಾಟಿನಲ್ಲಿ ಕೂತಿದ್ದವು. ವರ್ಷ ತುಂಬದ ನನ್ನ ಕೂಸಿಗೆ ಒಂದು ಸ್ಕ್ರೂ ಕೂಡ ಇರಲಿಲ್ಲ.

ಇಲ್ಲಿಗೆ ಕಾಕಾ ಗೆದ್ದರು ಎಂದು ಕಥೆ ಮುಗಿಸಬಹುದಿತ್ತು. ಆದರೆ ಜಾಲಿ ಇನ್ನೂ ಅರ್ಧ ಉಳಿದಿತ್ತು. ಲೋಕಾಪುರ ಕಡೆಯ ಒಬ್ಬ ಹುಡುಗನನ್ನು ಕೂಲಿಗೆ ಕರೆಸಿದೆವು. ಅವನ ಬಳಿ ಇದ್ದದ್ದು ಈಗಿನ, ನಿಜವಾದ ವೃತ್ತಿಪರ ಮಷಿನ್ನು. ಕಾಕಾನದರಲ್ಲಿ ಅರ್ಧ ಭಾರ. ಹಿಡಿಕೆಯ ಅದುರು ಕೈಗೆ ಹತ್ತದ ಹಾಗೆ ನಡುವೆ ಸ್ಪ್ರಿಂಗು. ಪಟ್ಟಿ ಪುಟಿದು ಮುಖದತ್ತ ಬಂದರೆ ಚೈನು ಕ್ಷಣದಲ್ಲಿ ನಿಲ್ಲುವ ಬ್ರೇಕು. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಹಾಕಿಕೊಂಡು ಮಧ್ಯಾಹ್ನದ ರೊಟ್ಟಿಯ ಹೊತ್ತಿಗೆ ಬದು ಬಯಲು ಮಾಡಿಬಿಟ್ಟ. ಕಾಕಾ ಅವನ ಮಷಿನ್ನು ಎತ್ತಿ ನೋಡಿದರು, ಇಳಿಸಿದರು, ಮತ್ತೆ ಎತ್ತಿದರು. ರಾತ್ರಿ ಬೆರಳುಗಳು ಜೋಮು ಹಿಡಿದು ನಿದ್ದೆ ಬಾರದ ಸಂಗತಿಯನ್ನು ಅವರು ಮೊದಲ ಸಲ ಬಾಯಿ ಬಿಟ್ಟು ಹೇಳಿದ್ದು ಆಗಲೇ. ಹುಡುಗ ಮಾತ್ರ ಬೇರೆಯೇ ಚಿಂತೆಯಲ್ಲಿದ್ದ. "ಇನ್ನೂ ಹೊಸಾವು ಬಂದಾವ್ರಿ. ಕಾರ್ಬೊರೇಟರ್ ತಿರುವೂದ ಇಲ್ಲ, ಕಂಪ್ಯೂಟರ್ ಐತಿ. ಕೆಟ್ರ ಲ್ಯಾಪ್‌ಟಾಪ್ ಹಚ್ಚಿ ನೋಡ್ತಾರ." ಜೊತೆಗೆ ಪೆಟ್ರೋಲಿನ ಗೋಳು. ಈಗ ಅದರಲ್ಲಿ ಶೇ. 20 ಎಥೆನಾಲ್. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಟ್ಟರೆ ನೀರು ಹೀರಿ, ಕಾರ್ಬೊರೇಟರಿನ ರಬ್ಬರನ್ನು ಹಾಳು ಮಾಡುತ್ತದೆ. ಮುಧೋಳ, ಜಮಖಂಡಿ ಕಡೆಯ ಕಬ್ಬು ನಮ್ಮ ಬಾಯಿ ಸಿಹಿ ಮಾಡುವುದು ಸಾಲದೆಂದು ಮಷಿನ್ನಿನ ಬಾಯಿಗೂ ಬಂದಿದೆ. ಹಳೆಯದಕ್ಕೂ ಹೊಸದಕ್ಕೂ ಈ ವಿಷಯದಲ್ಲಿ ಭೇದವಿಲ್ಲ.

ಇಷ್ಟಾದರೂ "ಹಳೇದು ಗಟ್ಟಿ" ಎನ್ನುವ ಮಾತು ಕಾಕಾ ಬಿಡಲಿಲ್ಲ. ಅದರ ಗುಟ್ಟು ನನಗೆ ತಿಳಿದದ್ದು ಹೋದ ದಸರೆಗೆ. ಅಟ್ಟದ ಮೇಲಿಂದ ಜೋಳದ ಜರಡಿ ತರಲು ಕಾಕೂ ನನ್ನನ್ನು ಹತ್ತಿಸಿದರು. ಮೂಲೆಯಲ್ಲೊಂದು ಗೋಣಿಚೀಲ. ಎಳೆದರೆ ಕಣಕಣ ಸದ್ದು. ಬಿಚ್ಚಿದರೆ ಒಳಗೆ ಇನ್ನೂ ಎರಡು 070! ಒಂದಕ್ಕೆ ಸಿಲಿಂಡರ್ ಇಲ್ಲ, ಇನ್ನೊಂದಕ್ಕೆ ಕ್ಲಚ್ಚಿಲ್ಲ, ಎರಡಕ್ಕೂ ಹಿಡಿಕೆ ಇಲ್ಲ. ಕೆಳಗಿನ ಚಿರಂಜೀವಿ ಇಷ್ಟು ವರ್ಷ ಬದುಕಿದ್ದು ಈ ಇಬ್ಬರು ಅಣ್ಣತಮ್ಮಂದಿರನ್ನು ತಿಂದು!

"ಕಾಕಾ, ಮೂರರಾಗ ಎರಡು ಸತ್ತಾವಲ್ಲ. ಗಟ್ಟಿ ಹೆಂಗ್ರಿ?"

ಕಾಕಾ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಲಿಲ್ಲ. "ಸತ್ತ ಮ್ಯಾಲೂ ಉಪಯೋಗಕ್ಕ ಬಂದಾವ. ನಿಂದು?"

ನನ್ನದು ಈಗ ನವನಗರದ ಮನೆಯಲ್ಲಿ ಬಾಗಿಲು ಬಡಿಯದ ಹಾಗೆ ಅಡ್ಡ ಇಡಲು ಉಪಯೋಗಕ್ಕೆ ಬರುತ್ತಿದೆ. ಅದಕ್ಕಾದರೆ ಅಷ್ಟು ಹಗುರ ಇರಬಾರದಿತ್ತು.

ಮೊನ್ನೆ ಹೊಲಕ್ಕೆ ಹೋಗಿದ್ದೆ. ಲೋಕಾಪುರದ ಹುಡುಗ ಬಯಲು ಮಾಡಿದ ಬದುವಿನಲ್ಲಿ ಪ್ರತಿ ಬೊಡ್ಡೆಗೂ ಏಳೆಂಟು ಟಿಸಿಲು, ಮೊಣಕಾಲೆತ್ತರ. 1877ರ ಹೊತ್ತಿಗೆ ಈ ದೇಶಕ್ಕೆ ಬಂದ ಗಿಡ ಇದು. ಪಾಯಿಂಟ್ ತಿಕ್ಕಿಸಿಕೊಂಡಿಲ್ಲ, ಆಯಿಲ್ ಕೇಳಿಲ್ಲ, ಇದರ ಮಾಡೆಲ್ಲೂ ಬಂದ್ ಆಗಿಲ್ಲ. ಗಟ್ಟಿತನಕ್ಕೆ ಬಹುಮಾನ ಕೊಡುವುದಾದರೆ ಹನುಮಪ್ಪನ ಜಾತ್ರೆಯಲ್ಲಿ ಇದಕ್ಕೇ ಕೊಡಬೇಕು.

ಮಷಿನ್ನು ಕೊಳ್ಳುವವರಿಗೆ ನನ್ನದೊಂದೇ ಮಾತು. ಸಿಸಿ ಎಷ್ಟು, ಬಣ್ಣ ಯಾವುದು ಎಂದು ಕೇಳುವ ಮೊದಲು ಇದರ ಪಿಸ್ಟನ್ ಯಾವ ಊರಲ್ಲಿ ಸಿಗುತ್ತದೆ ಎಂದು ಕೇಳಿರಿ. ಇನ್ನು, ನಿಮ್ಮ ಅಟ್ಟದ ಮೇಲೆ ಕೆಟ್ಟು ಕೂತ 070 ಏನಾದರೂ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಕಾಕಾನ ಗೋಣಿಚೀಲದಲ್ಲಿ ಇನ್ನೊಂದಕ್ಕೆ ಜಾಗ ಇದೆ.